ನಾಲ್ಕನೇ ಸ್ಥಾನ, ಆದರೆ ಯಾರ ಪ್ರತಿಯಲ್ಲಿ?

ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್ ಎಡಿಟರ್‌ಗಳಿಗೆ ಒಂದೇ ಬಗೆಯ ಪ್ಯಾಚ್ (ಯಾರೋ ಬರೆದು ಕಳಿಸುವ ಕೋಡ್ ತಿದ್ದುಪಡಿ) ಮತ್ತೆ ಮತ್ತೆ ಬರುತ್ತದೆ. ಇಬ್ಬರು ಒಂದೇ ಕಡತದಲ್ಲಿ ಏಕಕಾಲಕ್ಕೆ ಬರೆಯುವ ಸೌಲಭ್ಯ ಸಿದ್ಧವಾಗಿದೆ, ನೆಟ್‌ವರ್ಕ್ ಭಾಗವಷ್ಟೇ ಬಾಕಿಯಿತ್ತು, ಅದನ್ನೂ ಮುಗಿಸಿದ್ದೇನೆ ಎಂಬ ಒಕ್ಕಣೆ ಇರುತ್ತದೆ. ಬಿಚ್ಚಿ ನೋಡಿದರೆ ಒಂದು ವೆಬ್‌ಸಾಕೆಟ್ (ಸಂದೇಶಗಳು ಎರಡೂ ಕಡೆ ಓಡಾಡಲು ತೆರೆದಿಟ್ಟ ಸಂಪರ್ಕ), ಅದರಲ್ಲಿ ಓಡಾಡುವ ಒಂದು ಸಂದೇಶ: ಸ್ಥಾನ ಇಷ್ಟು, ಸೇರಿಸಬೇಕಾದ ಪಠ್ಯ ಇದು. ಬರೆದವರು ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ವಿಂಡೋ ತೆರೆದು ಪರೀಕ್ಷಿಸಿರುತ್ತಾರೆ, ಚೆನ್ನಾಗಿಯೇ ಓಡಿರುತ್ತದೆ. ಸಂಬಳವಿಲ್ಲದೆ ರಾತ್ರಿ ಕೂತು ಮಾಡಿದ ಕೆಲಸ, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಆದರೂ ಬೇಡ ಎನ್ನಲೇಬೇಕು, ಕಾರಣವನ್ನೂ ಬಿಡಿಸಿ ಹೇಳಬೇಕು.

ಕಡತದಲ್ಲಿ ‘ಸಕರೆ’ ಎಂದು ತಪ್ಪಾಗಿ ಬರೆದಿದೆ ಅಂದುಕೊಳ್ಳಿ. ಯೂನಿಕೋಡ್ ಲೆಕ್ಕದಲ್ಲಿ ಸ, ಕ, ರ ಮತ್ತು ಎತ್ವ, ಒಟ್ಟು ನಾಲ್ಕು ಕೋಡ್ ಪಾಯಿಂಟ್, ಅಂದರೆ ಯೂನಿಕೋಡ್ ಒಂದೊಂದು ಸಂಖ್ಯೆ ಕೊಟ್ಟಿರುವ ಬಿಡಿ ಚಿಹ್ನೆಗಳು. ಎಣಿಕೆ ಸೊನ್ನೆಯಿಂದ. ಅಕ್ಕ ತನ್ನ ಯಂತ್ರದಲ್ಲಿ 2ನೇ ಸ್ಥಾನಕ್ಕೆ ಕ-ಒತ್ತು ಸೇರಿಸುತ್ತಾಳೆ. ಒತ್ತು ಎಂದರೆ ವಿರಾಮ ಚಿಹ್ನೆ (ಅಕ್ಷರವನ್ನು ಅರ್ಧವಾಗಿಸುವ ‘್’) ಮತ್ತು ಕ, ಎರಡು ಕೋಡ್ ಪಾಯಿಂಟ್. ಅದೇ ಕ್ಷಣದಲ್ಲಿ ತಮ್ಮ ತನ್ನ ಯಂತ್ರದಲ್ಲಿ, ಪದ ಮುಗಿದಲ್ಲಿ, ಅಂದರೆ 4ನೇ ಸ್ಥಾನದಲ್ಲಿ ಒಂದು ಖಾಲಿ ಜಾಗ ಬಿಟ್ಟು ‘ಬೆಲೆ’ ಎಂದು ಬರೆಯುತ್ತಾನೆ. ಈಗ ಸಂದೇಶಗಳು ಅದಲುಬದಲಾಗುತ್ತವೆ. ಅಕ್ಕನ ಸಂದೇಶ ತಮ್ಮನ ಯಂತ್ರ ತಲುಪಿ ‘ಸಕ್ಕರೆ ಬೆಲೆ’ ಆಗುತ್ತದೆ, ಸರಿಯಾಗಿಯೇ ಇದೆ. ತಮ್ಮನ ಸಂದೇಶ ಅಕ್ಕನ ಯಂತ್ರ ತಲುಪುವಷ್ಟರಲ್ಲಿ ಅಲ್ಲಿ ‘ಸಕ್ಕರೆ’ ಇದೆ, ಅದರ 4ನೇ ಸ್ಥಾನದಲ್ಲಿ ‘ರೆ’ ಕೂತಿದೆ. ಆಕೆಯ ಪರದೆಯ ಮೇಲೆ ಬರುವುದು ‘ಸಕ್ಕ ಬೆಲೆರೆ’.

ಎರಡು ಪರದೆ, ಎರಡು ಪಠ್ಯ, ಎಲ್ಲೂ ದೋಷದ ಸಂದೇಶವಿಲ್ಲ. ಇಲ್ಲಿಂದ ಮುಂದೆ ಕಳಿಸುವ ಪ್ರತಿ ಸಂಖ್ಯೆಯೂ ಇನ್ನಷ್ಟು ಸರಿಯುತ್ತದೆ. ಒಂದೇ ಯಂತ್ರದ ಎರಡು ವಿಂಡೋಗಳಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಅಲ್ಲಿ ಸಂದೇಶ ಒಂದು ಮಿಲಿಸೆಕೆಂಡಿನೊಳಗೆ ಮುಟ್ಟುತ್ತದೆ ಮತ್ತು ಒಬ್ಬ ಮನುಷ್ಯ ಎರಡೂ ಕಡೆ ಒಟ್ಟಿಗೆ ಟೈಪ್ ಮಾಡಲಾರ.

ಇದನ್ನು ತೋರಿಸಿದ ಕೂಡಲೇ ಬರುವ ಉತ್ತರ: ಹಾಗಾದರೆ ಪ್ರತಿ ಸಂದೇಶಕ್ಕೂ ಸಮಯದ ಮುದ್ರೆ ಹಾಕೋಣ. ಹಾಕಿ. ಯಾರು ಮೊದಲು ಬರೆದರು ಎಂಬುದು ಗೊತ್ತಾಗುತ್ತದೆ. ‘ಬೆಲೆ’ ಎಲ್ಲಿ ಕೂರಬೇಕು ಎಂಬುದು ಆಗಲೂ ಗೊತ್ತಾಗುವುದಿಲ್ಲ. ತಮ್ಮನ ಮನಸ್ಸಿನಲ್ಲಿದ್ದದ್ದು ‘4’ ಎಂಬ ಸಂಖ್ಯೆಯಲ್ಲ, ‘ಆ ಎತ್ವದ ನಂತರ’ ಎಂಬ ಜಾಗ. ಸ್ಥಾನಸಂಖ್ಯೆ ಒಂದು ಪ್ರತಿಯಲ್ಲಿ, ಒಂದು ಕ್ಷಣದಲ್ಲಿ ಮಾತ್ರ ನಿಜ. ಸಾಲಿನಲ್ಲಿ ನಾಲ್ಕನೆಯವರಾಗಿ ನಿಂತವರನ್ನು ‘ನಾಲ್ಕನೆಯವರೇ’ ಎಂದು ಕರೆದಂತೆ: ಮುಂದೆ ಇಬ್ಬರು ಬಂದು ಸೇರಿದರೆ ಬೇರೆ ಯಾರೋ ತಿರುಗಿ ನೋಡುತ್ತಾರೆ. ಪ್ಯಾರಾಗೆ ಬೀಗ ಹಾಕುವುದು, ಕೊನೆಗೆ ಬಂದದ್ದನ್ನೇ ಉಳಿಸಿಕೊಳ್ಳುವುದು, ಪ್ರತಿ ಐದು ಸೆಕೆಂಡಿಗೆ ಇಡೀ ಕಡತ ಕಳಿಸುವುದು, ಇವೆಲ್ಲ ಈ ಪ್ರಶ್ನೆಯನ್ನು ಸುತ್ತಿ ಹೋಗುವ ದಾರಿಗಳು.

ನೇರ ದಾರಿಗಳು ಎರಡು. ಒಂದು, ಬಂದ ಸಂಖ್ಯೆಯನ್ನು ತಿದ್ದಿ ಬಳಸುವುದು. ತಮ್ಮ ಬರೆಯುವಾಗ ಅಕ್ಕನ ಬದಲಾವಣೆ ನೋಡಿರಲಿಲ್ಲ, ಆಕೆ ಅದಕ್ಕಿಂತ ಹಿಂದೆ ಎರಡು ಕೋಡ್ ಪಾಯಿಂಟ್ ಸೇರಿಸಿದ್ದಾಳೆ, ಆದ್ದರಿಂದ 4 ಅನ್ನು 6 ಮಾಡು. ಇದು ಆಪರೇಷನಲ್ ಟ್ರಾನ್ಸ್‌ಫರ್ಮೇಷನ್, ಓಟಿ. 1989ರಲ್ಲಿ ಎಲಿಸ್ ಮತ್ತು ಗಿಬ್ಸ್ ಮುಂದಿಟ್ಟದ್ದು. ಎಲ್ಲ ಬದಲಾವಣೆಗೂ ಒಂದು ಸರ್ವರ್ ಕ್ರಮ ಕೊಡುವುದಾದರೆ ಇದು ಹದ್ದುಬಸ್ತಿನಲ್ಲಿ ಇರುತ್ತದೆ, ಈಥರ್‌ಪ್ಯಾಡ್ ಎಂಬ ಸಹಬರಹದ ವೆಬ್ ಎಡಿಟರ್ ನಡೆಯುವುದು ಹೀಗೇ. ಸರ್ವರ್ ಇಲ್ಲದೆ ಮಾಡಹೊರಟವರ ಸೂತ್ರಗಳಲ್ಲಿ ಹಲವು, ಪ್ರಕಟವಾಗಿ ವರ್ಷಗಳಾದ ಮೇಲೆ ತಪ್ಪೆಂದು ಸಾಬೀತಾಗಿವೆ. ಸ್ವಂತವಾಗಿ ಬರೆಯಲು ಹೊರಡುವವರು ಇದನ್ನು ನೆನಪಿಡಲಿ.

ಇನ್ನೊಂದು, ಸಂಖ್ಯೆಯನ್ನೇ ಬಿಟ್ಟು ಪ್ರತಿ ಅಕ್ಷರಕ್ಕೂ ಬದಲಾಗದ ಹೆಸರು ಕೊಡುವುದು: ಯಾವ ಪ್ರತಿಯಲ್ಲಿ ಹುಟ್ಟಿತು, ಆ ಪ್ರತಿಯ ಎಷ್ಟನೇ ಅಕ್ಷರ. ಆಗ ತಮ್ಮನ ಸಂದೇಶ ‘ಇಂಥ ಹೆಸರಿನ ಎತ್ವದ ನಂತರ’ ಎಂದಾಗುತ್ತದೆ. ಅಳಿಸಿದ ಅಕ್ಷರದ ಹೆಸರು ಮಾತ್ರ ಉಳಿಯುತ್ತದೆ, ಏಕೆಂದರೆ ಇನ್ನೊಬ್ಬರು ಅದರ ಪಕ್ಕದಲ್ಲೇ ಬರೆಯುತ್ತಿರಬಹುದು. ಇದು ಸಿಆರ್‌ಡಿಟಿ (ಕಾನ್‌ಫ್ಲಿಕ್ಟ್-ಫ್ರೀ ರೆಪ್ಲಿಕೇಟೆಡ್ ಡೇಟಾ ಟೈಪ್), ಪ್ರತಿಗಳು ಜಗಳವಿಲ್ಲದೆ ಒಂದಾಗುವ ದತ್ತಾಂಶ ರಚನೆ. ಪಠ್ಯಕ್ಕಾಗಿ ವೂಟ್ ಎಂಬ ವಿಧಾನ 2006ರಲ್ಲಿ ಬಂತು, ಒಟ್ಟು ಬಗೆಗೆ ಈ ಹೆಸರು ನೆಲೆಗೊಂಡದ್ದು 2011ರಲ್ಲಿ. ಈಗ ಇದನ್ನು ಮಾಡಿಕೊಡುವ ಲೈಬ್ರರಿಗಳಿವೆ: ವೈಜೆಎಸ್, ರಸ್ಟ್ ಭಾಷೆಯಲ್ಲಿ ಅದರ ರೂಪ ವೈಆರ್‌ಎಸ್, ಆಟೋಮರ್ಜ್, ಮೂರೂ ಎಂಐಟಿ ಪರವಾನಗಿಯಲ್ಲಿ ಸಿಗುತ್ತವೆ. ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಸಾಮಾನ್ಯವಾಗಿ ಇದೇ ಹೊಂದುತ್ತದೆ, ನೆಟ್ ಹೋದರೂ ಬರೆಯುತ್ತಿರಬಹುದು.

ಲೈಬ್ರರಿ ಜೋಡಿಸಿದರೆ ಮುಗಿಯಿತು ಎಂಬುದು ಎರಡನೇ ತಪ್ಪು. ಅದರ ಒಳಗೆ ಹೆಸರುಗಳಿರುತ್ತವೆ, ನಿಮ್ಮ ಎಡಿಟರ್ ವಿಜೆಟ್ (ಪರದೆಯ ಮೇಲೆ ಪಠ್ಯ ತೋರಿಸಿ ತಿದ್ದಲು ಕೊಡುವ ಭಾಗ) ಮಾತಾಡುವುದು ಇನ್ನೂ ಸಂಖ್ಯೆಯಲ್ಲೇ. ಕೆಲಸವೆಲ್ಲ ಈ ಗಡಿಯಲ್ಲಿದೆ. ಗಡಿಯಲ್ಲಿ ಮೊದಲ ಜಗಳ ಅಳತೆಯದು. ಇಂಥ ವಿಜೆಟ್‌ಗಳನ್ನು ಒದಗಿಸುವ ಸಾಧನಗಳು ಜಿಟಿಕೆ ಮತ್ತು ಕ್ಯೂಟಿ. ಜಿಟಿಕೆ ಬಫರ್ (ವಿಜೆಟ್ ಪಠ್ಯ ಇಟ್ಟುಕೊಳ್ಳುವ ಜಾಗ) ಸ್ಥಾನವನ್ನು ಕೋಡ್ ಪಾಯಿಂಟ್‌ಗಳಲ್ಲಿ ಎಣಿಸುತ್ತದೆ. ಕ್ಯೂಟಿ ಯುಟಿಎಫ್-16 ಎಂಬ ಸಂಕೇತಪದ್ಧತಿಯ ಎರಡೆರಡು ಬೈಟಿನ ಘಟಕಗಳಲ್ಲಿ ಎಣಿಸುತ್ತದೆ, ವೈಜೆಎಸ್ ಕೂಡ. ಜೀನಿ ಎಡಿಟರಿನೊಳಗಿನ ಸಿಂಟಿಲ್ಲಾ ಎಂಬ ವಿಜೆಟ್ ಬೈಟ್‌ಗಳಲ್ಲಿ. ‘ಸ್ತ್ರೀ’ ಎಂಬ ಒಂದೇ ಅಕ್ಷರ 6 ಕೋಡ್ ಪಾಯಿಂಟ್, 6 ಯುಟಿಎಫ್-16 ಘಟಕ, ಯುಟಿಎಫ್-8ರಲ್ಲಿ 18 ಬೈಟ್. ಕನ್ನಡದ ಮಟ್ಟಿಗೆ ಮೊದಲೆರಡು ಸಮ, ಆದ್ದರಿಂದ ಯಾರೋ ಒಂದು ನಗುಮುಖದ ಇಮೋಜಿ ಹಾಕುವವರೆಗೆ ದೋಷ ಅಡಗಿರುತ್ತದೆ. ಅದು ಒಂದು ಕೋಡ್ ಪಾಯಿಂಟ್, ಎರಡು ಘಟಕ, ನಾಲ್ಕು ಬೈಟ್. ಆ ಸಾಲಿನ ನಂತರದ್ದೆಲ್ಲ ಒಂದು ಹೆಜ್ಜೆ ತಪ್ಪುತ್ತದೆ.

ಜಿಟಿಕೆಯಲ್ಲಿ ಇನ್ನೊಂದು ಸೂಕ್ಷ್ಮ. ಪಠ್ಯ ಸೇರಿದೆ ಎಂದು ತಿಳಿಸುವ ಇನ್ಸರ್ಟ್-ಟೆಕ್ಸ್ಟ್ ಸಿಗ್ನಲ್ ಕೊಡುವ ಜಾಗ ಕೋಡ್ ಪಾಯಿಂಟ್ ಲೆಕ್ಕದ್ದು, ಅದೇ ಸಿಗ್ನಲ್ ಕೊಡುವ ಉದ್ದ ಬೈಟ್ ಲೆಕ್ಕದ್ದು. ತಮ್ಮ ಸೇರಿಸಿದ ‘ಬೆಲೆ’ ಮತ್ತು ಅದರ ಮುಂದಿನ ಖಾಲಿ ಜಾಗ ಸೇರಿ 5 ಕೋಡ್ ಪಾಯಿಂಟ್, ಬರುವ ಉದ್ದ ಮಾತ್ರ 13. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಎರಡೂ ಒಂದೇ ಆಗಿ ಕಂಡಿರುತ್ತವೆ. ಈ ಕೆಲಸವನ್ನು ಕನ್ನಡದಲ್ಲಿ ಪರೀಕ್ಷಿಸುವವರು ಬೇಕೇ ಬೇಕು ಎನ್ನುವುದು ಇದಕ್ಕೇ. ವೈಆರ್‌ಎಸ್‌ನಲ್ಲಿ ಬೈಟ್ ಅಥವಾ ಯುಟಿಎಫ್-16 ಎಂದು ಆರಿಸುವ ಆಯ್ಕೆ ಇದೆ. ಜಿಟಿಕೆ ಜೊತೆ ಬಳಸುವಾಗ ಎರಡೂ ನೇರವಾಗಿ ಕೂರುವುದಿಲ್ಲ, ಪರಿವರ್ತನೆಯ ಒಂದೇ ಒಂದು ಫಂಕ್ಷನ್ ಬರೆದು ಎಲ್ಲ ಸಂಖ್ಯೆಯನ್ನೂ ಅದರ ಮೂಲಕವೇ ಹಾಯಿಸಿ.

ಎಣಿಕೆ ಕೆಡಿಸುವ ಇನ್ನಿಬ್ಬರಿದ್ದಾರೆ. ವಿಂಡೋಸ್ ಸಾಲು ಮುರಿಯಲು ಎರಡು ಚಿಹ್ನೆ ಬಳಸುತ್ತದೆ, ಲಿನಕ್ಸ್ ಒಂದು. ನೂರನೇ ಸಾಲಿಗೆ ಬರುವಷ್ಟರಲ್ಲಿ 99 ಸ್ಥಾನಗಳ ವ್ಯತ್ಯಾಸ. ಒಳಗೆ ಸದಾ ಒಂದೇ ಚಿಹ್ನೆ ಇಟ್ಟುಕೊಂಡು ಉಳಿಸುವಾಗ ಮಾತ್ರ ಬದಲಿಸಿ. ಎರಡನೆಯದು ಯೂನಿಕೋಡ್ ನಾರ್ಮಲೈಸೇಷನ್, ಒಂದೇ ಅಕ್ಷರದ ಬೇರೆ ಬೇರೆ ಬರಹಗಳನ್ನು ಒಂದೇ ರೂಪಕ್ಕೆ ತರುವುದು. ‘ಕೋ’ ಎಂಬುದು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪದಲ್ಲಿ 2 ಕೋಡ್ ಪಾಯಿಂಟ್, ಎನ್‌ಎಫ್‌ಡಿ ಎಂಬ ಬಿಡಿಸಿದ ರೂಪದಲ್ಲಿ 4, ಓತ್ವ ಮೂರು ತುಂಡಾಗುತ್ತದೆ. ಕಡತ ಓದುವಾಗ ಒಂದು ತುದಿಯಲ್ಲಿ ಸದ್ದಿಲ್ಲದೆ ಇದು ನಡೆದರೆ ಎರಡೂ ಪರದೆ ನೋಡಲು ಒಂದೇ ಥರ ಇರುತ್ತವೆ, ಲೆಕ್ಕ ಮಾತ್ರ ಬೇರೆ. ಇದನ್ನು ಹುಡುಕಿ ಹಿಡಿಯುವುದು ಬಹಳ ಕಷ್ಟ.

ಇನ್ನು ಪ್ರತಿಧ್ವನಿ. ದೂರದಿಂದ ಬಂದ ಬದಲಾವಣೆಯನ್ನು ಬಫರಿಗೆ ಹಾಕಿದಾಗ ‘ಪಠ್ಯ ಬದಲಾಯಿತು’ ಎಂಬ ಸಿಗ್ನಲ್ ಮತ್ತೆ ಹೊರಡುತ್ತದೆ, ಅದನ್ನು ಕೇಳಿಸಿಕೊಂಡ ನಿಮ್ಮ ಕೋಡ್ ಮತ್ತೆ ಕಳಿಸುತ್ತದೆ. ಹಾಕುವ ಮುನ್ನ ಹ್ಯಾಂಡ್ಲರ್ (ಸಿಗ್ನಲ್ ಕೇಳಿಸಿಕೊಳ್ಳುವ ಆ ಕೋಡ್) ತಡೆಹಿಡಿಯಿರಿ, ಹಾಕಿದ ಮೇಲೆ ಬಿಡಿ. ಥ್ರೆಡ್‌ಗಳ (ತಂತ್ರಾಂಶದೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು) ವಿಷಯದಲ್ಲೂ ಎಚ್ಚರ. ನೆಟ್‌ವರ್ಕ್ ಥ್ರೆಡ್ಡಿನಲ್ಲಿ ಸ್ಥಾನ ಲೆಕ್ಕ ಹಾಕಿ, ಮುಖ್ಯ ಥ್ರೆಡ್ಡಿಗೆ ಆ ಸಂಖ್ಯೆ ದಾಟಿಸಿದರೆ, ನಡುವೆ ಬಳಕೆದಾರ ಒಂದು ಕೀಲಿ ಒತ್ತಿರಬಹುದು. ನೆಟ್‌ವರ್ಕ್ ಥ್ರೆಡ್ ಬೈಟ್‌ಗಳನ್ನಷ್ಟೇ ತಂದು ಕೊಡಲಿ, ವಿಲೀನವೂ ಬಫರಿಗೆ ಹಾಕುವುದೂ ಮುಖ್ಯ ಥ್ರೆಡ್ಡಿನಲ್ಲಿ ಒಂದೇ ಉಸಿರಿನಲ್ಲಿ ಆಗಲಿ.

ಅನ್‌ಡೂ ಬಗ್ಗೆ ಹೆಚ್ಚು ಹೇಳಬೇಕು, ಬಳಕೆದಾರರು ಸಿಟ್ಟಾಗುವುದು ಇಲ್ಲೇ. ಕಂಟ್ರೋಲ್-ಝಡ್ ಒತ್ತಿದರೆ ನಾನು ಬರೆದದ್ದು ಹೋಗಬೇಕು, ಪಕ್ಕದವರು ಬರೆದದ್ದಲ್ಲ. ವಿಜೆಟ್ಟಿನ ಸ್ವಂತ ಅನ್‌ಡೂ ಇದನ್ನು ಅರಿಯದು, ದೂರದಿಂದ ಬಂದದ್ದನ್ನೂ ಅದೇ ಸಾಲಿಗೆ ಸೇರಿಸಿಕೊಳ್ಳುತ್ತದೆ. ಜಿಟಿಕೆ 4ರಲ್ಲಿ ‘ಇರಿವರ್ಸಿಬಲ್ ಆಕ್ಷನ್’ ಎಂಬ ಸೌಲಭ್ಯ ಕಂಡು, ದೂರದ ಬದಲಾವಣೆಗಳನ್ನು ಅದರೊಳಗೆ ಸುತ್ತಿಡುವವರಿದ್ದಾರೆ. ಅದು ಶುರುವಾದ ಕೂಡಲೇ ಹಿಂದಿನ ಅನ್‌ಡೂ ಇತಿಹಾಸವೆಲ್ಲ ಅಳಿಯುತ್ತದೆ. ಸಹಬರಹ ನಡೆಯುತ್ತಿರುವಾಗ ವಿಜೆಟ್ಟಿನ ಅನ್‌ಡೂ ಪೂರ್ತಿ ಆರಿಸಿ, ಲೈಬ್ರರಿಯ ಅನ್‌ಡೂ ಮ್ಯಾನೇಜರನ್ನು ಬಳಸಿ, ಅದಕ್ಕೆ ಈ ಯಂತ್ರದಲ್ಲಿ ಹುಟ್ಟಿದ ಬದಲಾವಣೆಗಳನ್ನು ಮಾತ್ರ ಗಮನಿಸಲು ಹೇಳಿ.

ಇಡೀ ಪಠ್ಯವನ್ನು ಅಳಿಸಿ ಹೊಸದಾಗಿ ತುಂಬುವ ಕೋಡ್ ನಿಮ್ಮಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿ. ಕಡತವನ್ನು ಡಿಸ್ಕಿನಿಂದ ಮತ್ತೆ ಓದುವಲ್ಲಿ ಇರುತ್ತದೆ, ಕೋಡ್ ಫಾರ್ಮ್ಯಾಟ್ ಮಾಡುವಲ್ಲಿ ಇರುತ್ತದೆ, ‘ಎಲ್ಲವನ್ನೂ ಬದಲಿಸು’ ಆಜ್ಞೆಯಲ್ಲೂ ಇರಬಹುದು. ಒಬ್ಬರೇ ಬರೆಯುವಾಗ ಇದರಿಂದ ತೊಂದರೆಯಿಲ್ಲ. ಇಬ್ಬರಿದ್ದಾಗ ಹಳೆಯ ಹೆಸರುಗಳೆಲ್ಲ ಸತ್ತು ಹೊಸವು ಹುಟ್ಟುತ್ತವೆ, ಎಲ್ಲರ ಕರ್ಸರೂ ಕಡತದ ಒಂದು ತುದಿಗೆ ಹಾರುತ್ತದೆ. ಇಬ್ಬರೂ ಒಟ್ಟಿಗೆ ಫಾರ್ಮ್ಯಾಟ್ ಒತ್ತಿದರೆ ಕಡತ ಎರಡು ಪಟ್ಟಾಗುತ್ತದೆ. ಹಳೆಯದಕ್ಕೂ ಹೊಸದಕ್ಕೂ ಡಿಫ್ (ವ್ಯತ್ಯಾಸದ ಪಟ್ಟಿ) ತೆಗೆದು, ಬದಲಾದ ತುಣುಕನ್ನಷ್ಟೇ ಹಾಕಬೇಕು.

ಇದರದೇ ತಂಗಿ ಇನ್ನೊಂದಿದೆ. ಇಬ್ಬರ ಬಳಿಯೂ ಒಂದೇ ಸಾದಾ ಪಠ್ಯದ ಕಡತವಿದೆ, ಇಬ್ಬರೂ ತೆರೆಯುತ್ತಾರೆ, ಎರಡೂ ಯಂತ್ರ ಅದನ್ನು ಖಾಲಿ ದಾಖಲೆಗೆ ತುಂಬುತ್ತವೆ, ಆಮೇಲೆ ಕೂಡಿಕೊಳ್ಳುತ್ತವೆ. ಲೈಬ್ರರಿಗೆ ಇವು ಬೇರೆ ಬೇರೆ ಹೆಸರಿನ ಬೇರೆ ಬೇರೆ ಅಕ್ಷರಗಳು, ಆದ್ದರಿಂದ ಎರಡನ್ನೂ ಉಳಿಸುತ್ತದೆ. ಮೊದಲ ಪಠ್ಯ ತುಂಬುವುದು ಆತಿಥೇಯರ ಯಂತ್ರ ಮಾತ್ರ, ಸೇರುವವರು ಖಾಲಿ ಕೈಯಲ್ಲಿ ಬರಬೇಕು. ಪ್ರತಿಯ ಗುರುತನ್ನು ಬಳಕೆದಾರರ ಖಾತೆ ಸಂಖ್ಯೆಯಿಂದ ಮಾಡಬೇಡಿ. ಅದೇ ಬಳಕೆದಾರ ಎರಡು ಕಡೆ ತೆರೆದರೆ ಎರಡು ಅಕ್ಷರಗಳಿಗೆ ಒಂದೇ ಹೆಸರು ಬೀಳುತ್ತದೆ, ಒಂದು ಕಳೆದುಹೋಗುತ್ತದೆ. ವೈಜೆಎಸ್ ಪ್ರತಿ ಬಾರಿ ಹೊಸ ಯಾದೃಚ್ಛಿಕ ಗುರುತು ಕೊಡುತ್ತದೆ, ಅದನ್ನು ಹಾಗೇ ಬಿಡಿ.

ಎಲ್ಲ ಸರಿಯಿದ್ದೂ ಕನ್ನಡಕ್ಕೆ ಒಂದು ಪೆಟ್ಟು ಉಳಿಯುತ್ತದೆ. ‘ಪಕ್ಷ’ ಎಂದಿದೆ. ಒಬ್ಬರು ಬ್ಯಾಕ್‌ಸ್ಪೇಸ್ ಒತ್ತಿ ‘ಷ’ ಅಳಿಸಿದರು, ಅದೇ ಹೊತ್ತಿಗೆ ಇನ್ನೊಬ್ಬರು ಗುಡಿಸು ಸೇರಿಸಿ ‘ಪಕ್ಷಿ’ ಮಾಡಿದರು. ವಿಲೀನದಲ್ಲಿ ವಿರಾಮ ಚಿಹ್ನೆಯ ಬೆನ್ನಿಗೇ ಗುಡಿಸು ಬಂದು, ಚುಕ್ಕಿಗಳ ವೃತ್ತವೊಂದು ಮೂಡುತ್ತದೆ. ಎರಡೂ ಪರದೆಯಲ್ಲಿ ಒಂದೇ ಪಠ್ಯವಿದೆ, ಲೈಬ್ರರಿಯ ದೃಷ್ಟಿಯಲ್ಲಿ ಕೆಲಸ ಸರಿ. ಇದಕ್ಕೆ ಪೂರ್ಣ ಪರಿಹಾರವಿದೆ ಎಂದು ಹೇಳಲಾರೆ. ಕಡಿಮೆ ಮಾಡುವ ಉಪಾಯವಿದೆ: ಇನ್‌ಪುಟ್ ಮೆಥಡ್ಡಿನಲ್ಲಿ ಇನ್ನೂ ಪಕ್ವವಾಗದ ಅಕ್ಷರವನ್ನು ಕಳಿಸದೆ, ಅದು ಬಫರಿಗೆ ಇಳಿದ ಮೇಲೆ ಕಳಿಸಿ. ಅಕ್ಷರವನ್ನು ತಿದ್ದಿದಾಗ ಬಿಡಿ ಚಿಹ್ನೆ ಕಳಿಸುವ ಬದಲು ಇಡೀ ಅಕ್ಷರವನ್ನೇ ಬದಲಿಸಿ ಕಳಿಸಬಹುದು. ಆಗ ಇಬ್ಬರ ಅಕ್ಷರವೂ ಅಕ್ಕಪಕ್ಕ ಉಳಿಯುತ್ತದೆ. ಓದಲು ಬರುತ್ತದೆ, ಮನುಷ್ಯರು ಒಂದನ್ನು ಅಳಿಸಿಕೊಳ್ಳುತ್ತಾರೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನೆಟ್‌ವರ್ಕಿನಿಂದಲ್ಲ. ಅಬಿವರ್ಡ್ ಎಂಬ ವರ್ಡ್ ಪ್ರೊಸೆಸರ್ 2008ರಲ್ಲಿ, 2.6ನೇ ಆವೃತ್ತಿಯಲ್ಲೇ ಅಬಿಕೊಲ್ಯಾಬ್ ಎಂಬ ಪ್ಲಗಿನ್ ಮೂಲಕ ಸಹಬರಹ ತಂದಿತ್ತು. ಅಬಿವರ್ಡಿನಲ್ಲಿ ಪಠ್ಯದ ಪ್ರತಿ ಬದಲಾವಣೆಯೂ ಪೀಸ್ ಟೇಬಲ್ ಎಂಬ ಒಂದೇ ಬಾಗಿಲಿನಿಂದ ಹಾಯುತ್ತದೆ, ದಾಖಲೆಯಾಗುತ್ತದೆ. ಆ ಬಾಗಿಲು ಇರದಿದ್ದರೆ ಪ್ಲಗಿನ್ ಆಗಿ ಇದನ್ನು ಸೇರಿಸುವುದು ಬಹುಶಃ ಆಗುತ್ತಿರಲಿಲ್ಲ. ಲಿಬ್ರೆಆಫೀಸ್ ಬಳಗ 2012ರಲ್ಲಿ ಟೆಲಿಪತಿ ಎಂಬ ಸಂದೇಶ ಸಂಪರ್ಕದ ಚೌಕಟ್ಟಿನ ಮೂಲಕ ತನ್ನ ಸ್ಪ್ರೆಡ್‌ಶೀಟ್ ಕ್ಯಾಲ್ಕ್‌ಗೆ ಒಂದು ಮಾದರಿ ಮಾಡಿತು, ಅದು ಮುಂದುವರಿಯಲಿಲ್ಲ. ಬ್ರೌಸರಿನಲ್ಲಿ ಓಡುವ ಕೊಲ್ಯಾಬೊರಾ ಆನ್‌ಲೈನ್ ಬೇರೆ ದಾರಿ ಹಿಡಿಯಿತು: ದಾಖಲೆ ಸರ್ವರಿನಲ್ಲಿ ಒಂದೇ, ಎಲ್ಲರೂ ಅದರ ಬೇರೆ ಬೇರೆ ನೋಟಗಳನ್ನು ನೋಡುತ್ತಾರೆ. ಪ್ರತಿಯೇ ಒಂದಾದಾಗ ‘ಯಾರ 4ನೇ ಸ್ಥಾನ’ ಎಂಬ ಪ್ರಶ್ನೆ ಬಹುಮಟ್ಟಿಗೆ ಹೋಗುತ್ತದೆ. ಕೋಷ್ಟಕ, ಚಿತ್ರ, ಅಡಿಟಿಪ್ಪಣಿಗಳಿರುವ ಹಳೆಯ ದೊಡ್ಡ ತಂತ್ರಾಂಶಕ್ಕೆ ಇದು ಜಾಣ ಆಯ್ಕೆ. ನೆಟ್ ಇಲ್ಲದಾಗ ಬರೆಯಲಾಗದು ಎಂಬುದು ಅದರ ಬೆಲೆ.

ನಿಮ್ಮದು ಸಾದಾ ಪಠ್ಯದ ಎಡಿಟರ್ ಆಗಿದ್ದರೆ, ಮೊದಲ ಬಿಡುಗಡೆಯಲ್ಲಿ ನೆಟ್‌ವರ್ಕ್ ಒಂದು ಸಾಲೂ ಬೇಡ. ಬಫರನ್ನು ಮುಟ್ಟುವ ಎಲ್ಲ ಕೋಡನ್ನೂ ‘ಸೇರಿಸು’, ‘ಅಳಿಸು’ ಎಂಬ ಎರಡು ಫಂಕ್ಷನ್‌ಗಳ ಹಿಂದೆ ತನ್ನಿ. ಎರಡನೆಯ ಬಿಡುಗಡೆಯಲ್ಲಿ ಒಂದೇ ಪ್ರೊಸೆಸ್ಸಿನೊಳಗೆ ಮೂರು ಪ್ರತಿ ಇಟ್ಟು, ಯಾದೃಚ್ಛಿಕವಾಗಿ ಸಾವಿರಾರು ಬದಲಾವಣೆ ಮಾಡಿಸಿ, ಸಂದೇಶಗಳನ್ನು ಕಲಸಿ ತಲುಪಿಸಿ, ಕೊನೆಗೆ ಮೂರೂ ಪಠ್ಯ ಒಂದೇ ಆಗಿವೆಯೇ, ವಿಜೆಟ್ಟಿನ ಪಠ್ಯವೂ ಲೈಬ್ರರಿಯ ಪಠ್ಯವೂ ತಾಳೆಯಾಗುತ್ತವೆಯೇ ಎಂದು ಹೋಲಿಸಿ. ಯಾದೃಚ್ಛಿಕತೆಯ ಬೀಜಸಂಖ್ಯೆಯನ್ನು ಮುದ್ರಿಸಿ, ಇಲ್ಲವಾದರೆ ಕಂಡ ದೋಷ ಮತ್ತೆ ಸಿಗುವುದಿಲ್ಲ. ಪರೀಕ್ಷೆಯ ಅಕ್ಷರಗಳಲ್ಲಿ ಒತ್ತಕ್ಷರ, ಓತ್ವ, ಇಮೋಜಿ, ಸಾಲಿನ ಮುರಿತ ಇರಲೇಬೇಕು. ಆಮೇಲೆ ಸಾಕೆಟ್ ಸೇರಿಸಿ, ನೆಟ್‌ವರ್ಕನ್ನು ಬೇಕೆಂದೇ ನಿಧಾನಿಸುವ ಲಿನಕ್ಸಿನ ನೆಟೆಮ್ ಬಳಸಿ ಲೂಪ್‌ಬ್ಯಾಕಿಗೆ (ಯಂತ್ರ ತನಗೆ ತಾನೇ ಕಳಿಸಿಕೊಳ್ಳುವ ದಾರಿ) 300 ಮಿಲಿಸೆಕೆಂಡ್ ತಡ ಹಾಕಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಡವಾಗಿ ಒಟ್ಟು 600 ಆಗುತ್ತದೆ. ಈಗ ಎರಡು ವಿಂಡೋಗಳ ಮುಂದೆ ಇಬ್ಬರನ್ನು ಕೂರಿಸಿ, ಒಂದೇ ಸಾಲನ್ನು ತಿದ್ದಲು ಹೇಳಿ.