ಚಿಕ್ಕ ಚಿನ್ನದ ಒಡವೆ ಮತ್ತು ನಾಣ್ಯಗಳಿಗೆ ಮೆಟಲ್ ಡಿಟೆಕ್ಟರ್ ಆರಿಸುವ ಬಗೆ: ಅಧ್ಯಯನ ಟಿಪ್ಪಣಿ

ಮೆಟಲ್ ಡಿಟೆಕ್ಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಅದು ಎಷ್ಟು ಆಳದವರೆಗೆ ಹಿಡಿಯುತ್ತದೆ ಎಂದು. ಆದರೆ ಕಳೆದುಹೋದದ್ದು ಮೂಗುಬೊಟ್ಟೋ ಓಲೆಯ ತಿರುಪೋ ಆಗಿದ್ದರೆ ಈ ಪ್ರಶ್ನೆ ನಮ್ಮನ್ನು ತಪ್ಪು ಯಂತ್ರದ ಕಡೆಗೆ ಒಯ್ಯುತ್ತದೆ. ಅಂಥ ವಸ್ತುಗಳು ಆಳಕ್ಕೆ ಇಳಿದಿರುವುದಕ್ಕಿಂತ ಹುಲ್ಲಿನ ಬುಡದಲ್ಲಿ, ಮೇಲುಮಣ್ಣಿನಲ್ಲಿ ಇರುವುದೇ ಹೆಚ್ಚು. ಅವು ಸಿಗದಿರುವುದಕ್ಕೆ ಕಾರಣ ಆಳವಲ್ಲ, ಅವುಗಳ ತೆಳುವು. ಆದ್ದರಿಂದ ಯಂತ್ರ ಎಷ್ಟು ತೆಳುವಾದ ಲೋಹವನ್ನು ಗುರುತಿಸಬಲ್ಲದು ಎಂಬುದನ್ನೇ ಮೊದಲು ವಿಚಾರಿಸಬೇಕು.

ಇದು ಹೀಗೇಕೆ ಎಂದು ತಿಳಿಯಲು ಯಂತ್ರ ಕೆಲಸ ಮಾಡುವ ರೀತಿಯನ್ನು ನೋಡಬೇಕು. ಯಂತ್ರದ ಕೋಲಿನ ತುದಿಯಲ್ಲಿರುವ ತಟ್ಟೆಗೆ ಕಾಯಿಲ್ ಎನ್ನುತ್ತಾರೆ. ಅದರೊಳಗಿನ ಒಂದು ತಂತಿಸುರುಳಿ ಸದಾ ಬದಲಾಗುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳಿಸುತ್ತದೆ. ಆ ಕ್ಷೇತ್ರಕ್ಕೆ ಸಿಕ್ಕ ಲೋಹದೊಳಗೆ ಸುಳಿವಿದ್ಯುತ್, ಅಂದರೆ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹ, ಹುಟ್ಟಿ, ಅದು ತನ್ನದೇ ಆದ ಸಣ್ಣ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ, ಮತ್ತು ಇನ್ನೊಂದು ಸುರುಳಿ ಅದನ್ನು ಗ್ರಹಿಸುತ್ತದೆ. ದಪ್ಪವಾದ, ವಿದ್ಯುತ್ತನ್ನು ಚೆನ್ನಾಗಿ ಹರಿಸುವ ವಸ್ತುವಿನಲ್ಲಿ ಈ ಸುಳಿ ನಿಧಾನವಾಗಿ ಕರಗುತ್ತದೆ. ತೆಳುವಾದ ವಸ್ತುವಿನಲ್ಲಿ ಅದು ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಅಡಗಿಹೋಗುತ್ತದೆ. ಹೀಗೆ ಬೇಗ ಅಡಗುವ ಸುಳಿಯನ್ನು ಕೆಣಕಿ ಎಬ್ಬಿಸಲು ಕ್ಷೇತ್ರವೂ ವೇಗವಾಗಿ ಬದಲಾಗಬೇಕು, ಅಂದರೆ ಆವರ್ತನ ಹೆಚ್ಚಿರಬೇಕು.

ಒಂದು ಒರಟು ಲೆಕ್ಕ ಈ ಮಾತನ್ನು ಸ್ಪಷ್ಟಪಡಿಸುತ್ತದೆ. 18 ಕ್ಯಾರೆಟ್ ಚಿನ್ನದ ವಿದ್ಯುತ್ ರೋಧವನ್ನು ಶುದ್ಧ ಚಿನ್ನದ ಆರು ಪಟ್ಟು ಎಂದು ಹಿಡಿದು, 18 ಮಿ.ಮೀ. ವ್ಯಾಸದ ಉಂಗುರವನ್ನು ಪರಿಗಣಿಸೋಣ. ಉಂಗುರದ ಕಂಬಿ 2 ಮಿ.ಮೀ. ದಪ್ಪವಿದ್ದರೆ ಅದು ಚೆನ್ನಾಗಿ ಸ್ಪಂದಿಸತೊಡಗುವ ಆವರ್ತನ ಸುಮಾರು 14 ಕಿಲೋಹರ್ಟ್ಸ್. ಅದೇ ಉಂಗುರದ ಕಂಬಿ 0.8 ಮಿ.ಮೀ. ಇದ್ದರೆ ಅದು ಸುಮಾರು 65 ಕಿಲೋಹರ್ಟ್ಸ್‌ಗೆ ಏರುತ್ತದೆ. ಬೆರಳಿನ ಅಳತೆಯಾಗಲಿ ಲೋಹವಾಗಲಿ ಬದಲಾಗಿಲ್ಲ, ದಪ್ಪವೊಂದೇ ಬದಲಾಗಿದೆ. ಇದಕ್ಕೆ ತದ್ವಿರುದ್ಧವಾಗಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ, ಅಂದರೆ ಒಂದು ತೊಲ, 11.66 ಗ್ರಾಂ ತೂಗುವ ದಪ್ಪ ಬಿಲ್ಲೆ, ಕೆಲವೇ ಕಿಲೋಹರ್ಟ್ಸ್‌ನಲ್ಲೂ ಗಟ್ಟಿಯಾದ ಸದ್ದು ಕೊಡುತ್ತದೆ. ದೊಡ್ಡ ನಾಣ್ಯ ಮತ್ತು ಸಣ್ಣ ಒಡವೆ ಯಂತ್ರದಿಂದ ಬಯಸುವುದು ಪರಸ್ಪರ ವಿರುದ್ಧವಾದ ಗುಣಗಳನ್ನು ಎಂಬ ಈ ಅಂಶವೇ ಇಡೀ ಆಯ್ಕೆಯ ತಿರುಳು.

ಚಿನ್ನ ಒಳ್ಳೆಯ ವಿದ್ಯುದ್ವಾಹಕ ಎಂದು ಪಾಠದಲ್ಲಿ ಓದಿದವರಿಗೆ ಆರು ಪಟ್ಟು ರೋಧ ವಿಚಿತ್ರವೆನಿಸಬಹುದು. ಶುದ್ಧ ಚಿನ್ನಕ್ಕೆ ತಾಮ್ರದ ಸುಮಾರು ಶೇ. 70ರಷ್ಟು ವಾಹಕತೆ ಇರುವುದು ನಿಜ. ಆದರೆ ಬೆಳ್ಳಿಯೋ ತಾಮ್ರವೋ ಬೆರೆತ ಕೂಡಲೇ ಆ ಗುಣ ಕುಸಿಯುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬಳಸುವ 916 ಮುದ್ರೆಯ 22 ಕ್ಯಾರೆಟ್ ಒಡವೆ ಈ ವಿಷಯದಲ್ಲಿ 750 ಮುದ್ರೆಯ 18 ಕ್ಯಾರೆಟ್ ಒಡವೆಗಿಂತ ವಾಸಿ.

ಆಕಾರವೂ ಅಷ್ಟೇ ಮುಖ್ಯವಾದುದು. ಮುಚ್ಚಿದ ಉಂಗುರದಲ್ಲಿ ಸುಳಿ ಸುತ್ತು ಹರಿಯುತ್ತದೆ, ಮುರಿದು ಬಾಯಿ ತೆರೆದ ಉಂಗುರದಲ್ಲಿ ಹರಿಯುವುದಿಲ್ಲ, ಹಾಗಾಗಿ ಸಂಕೇತ ಬಹಳವಾಗಿ ಕುಗ್ಗುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ತೆಳು ಸರ. ಹತ್ತು ಗ್ರಾಂ ತೂಗುವ ಸರವನ್ನು ಯಂತ್ರ ಹತ್ತು ಗ್ರಾಂ ಚಿನ್ನವೆಂದು ಕಾಣದೆ, ಒಂದಕ್ಕೊಂದು ಸರಿಯಾಗಿ ಸೋಕದ ನೂರಾರು ಪುಟ್ಟ ಬಳೆಗಳ ಸಾಲೆಂದು ಕಾಣುತ್ತದೆ. ಎಷ್ಟೋ ಬಾರಿ ಯಂತ್ರಕ್ಕೆ ಸಿಗುವುದು ಸರದ ಕೊಂಡಿ ಮಾತ್ರ. ಕರಿಮಣಿ ಸರ ಕಳೆದಾಗ ಸರವನ್ನಲ್ಲ, ತಾಳಿಯನ್ನೋ ಗುಂಡನ್ನೋ ಹುಡುಕುತ್ತಿದ್ದೇವೆ ಎಂದು ಭಾವಿಸಿ ಯಂತ್ರವನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು.

ನಾಣ್ಯಗಳ ವಿಷಯದಲ್ಲಿ ವಿದೇಶಿ ಕೈಪಿಡಿಗಳ ಸಲಹೆಯನ್ನು ಹಾಗೆಯೇ ಇಲ್ಲಿಗೆ ತಂದುಕೊಳ್ಳಬಾರದು. 1992ರಿಂದ ಬಂದ ಒಂದು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನದು. ಮೊಳೆಯ ಕಾಟ ಬೇಡವೆಂದು ಕಬ್ಬಿಣವನ್ನು ಪೂರ್ತಿ ತಿರಸ್ಕರಿಸುವಂತೆ, ಅಂದರೆ ಅದಕ್ಕೆ ಸದ್ದು ಮಾಡದಂತೆ, ಯಂತ್ರವನ್ನು ಹೊಂದಿಸಿ ನಡೆದರೆ ಈ ನಾಣ್ಯಗಳೂ ಅದರೊಡನೆ ಕೈಬಿಟ್ಟುಹೋಗಬಹುದು. ಹಳೆಯ ನಾಣ್ಯಗಳಲ್ಲಿ ಇನ್ನೊಂದು ತುದಿಯ ಉದಾಹರಣೆ ಸಿಗುತ್ತದೆ: ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ್ ಹೊರಡಿಸಿದ ಕಂಠೀರಾಯಿ ಹಣ ಚಿನ್ನದ್ದೇ ಆದರೂ ಅರ್ಧ ಗ್ರಾಂಗಿಂತ ಕಡಿಮೆ ತೂಗುತ್ತದೆ. ಯಂತ್ರದ ಲೆಕ್ಕದಲ್ಲಿ ಅದು ನಾಣ್ಯಕ್ಕಿಂತ ಮೂಗುಬೊಟ್ಟಿಗೇ ಹತ್ತಿರ. ಆದರೆ ಅಂಥದ್ದನ್ನು ಅರಸಿಕೊಂಡು ಹಳೆಯ ಗುಡಿ, ಕೋಟೆಗಳ ಬಳಿ ಅಗೆಯುವುದು ಅಪರಾಧಕ್ಕೆ ದಾರಿ. ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆಯ ಕಾವಲಿದೆ, ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸುವುದು ಕಡ್ಡಾಯ. ಈ ಟಿಪ್ಪಣಿ ಕಳೆದುಕೊಂಡದ್ದನ್ನು ಹುಡುಕುವವರಿಗಷ್ಟೇ ಮೀಸಲು.

ಪರದೆಯ ಮೇಲೆ ಮೂಡುವ ಗುರುತಿನ ಸಂಖ್ಯೆಯನ್ನು ಹೊಸಬರು ಅತಿಯಾಗಿ ನಂಬುತ್ತಾರೆ. ಆ ಸಂಖ್ಯೆ ಲೋಹದ ಹೆಸರನ್ನು ಹೇಳುವುದಿಲ್ಲ, ಸುಳಿ ಎಷ್ಟು ತಡವಾಗಿ ಕರಗಿತು ಎಂಬುದನ್ನು ಮಾತ್ರ ಸೂಚಿಸುತ್ತದೆ. ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆ, ತಂಪುಪಾನೀಯದ ಡಬ್ಬಿಯ ಕಿವಿ, ಹೆಂಗಸರ ಸಣ್ಣ ಉಂಗುರ, ಇವೆಲ್ಲ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಆಸುಪಾಸಿನಲ್ಲಿ ಬೀಳುತ್ತವೆ. ಕಸವನ್ನು ತಿರಸ್ಕರಿಸುವ ಗುಂಡಿ ಒತ್ತಿದವರು ಚಿನ್ನವನ್ನೂ ತಿರಸ್ಕರಿಸಿದ್ದಾರೆ ಎಂದೇ ಅರ್ಥ. ಒಡವೆ ಬೇಕಿದ್ದರೆ ಕಸವನ್ನೂ ಅಗೆಯಲೇಬೇಕು, ಇದಕ್ಕೆ ಅಡ್ಡದಾರಿಯಿಲ್ಲ.

ನೆಲದ ಗುಣ ಇನ್ನೊಂದು ತೊಡಕು. ಕರಾವಳಿ ಮತ್ತು ಮಲೆನಾಡಿನ ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿರುವುದರಿಂದ ನೆಲವೇ ಸದ್ದು ಮಾಡುತ್ತದೆ. ನೆಲಕ್ಕೆ ತಕ್ಕಂತೆ ಸಮತೋಲನ ಹೊಂದಿಸುವ ಸೌಲಭ್ಯವಿಲ್ಲದ ಅಗ್ಗದ ಯಂತ್ರ ಅಲ್ಲಿ ಕಿರಿಕಿರಿಯ ಆಟಿಕೆಯಾಗುತ್ತದೆ. ಸಮುದ್ರತೀರದ ತೊಂದರೆ ಬೇರೆ ಬಗೆಯದು. ಉಪ್ಪುನೀರು ತಾನೇ ಮಂದ ವಾಹಕವಾಗಿದ್ದು, ಅದರ ಸಂಕೇತ ತೆಳು ಚಿನ್ನದ ಸಂಕೇತವನ್ನೇ ಹೋಲುತ್ತದೆ. ಉಪ್ಪಿನ ಸದ್ದನ್ನು ಅಡಗಿಸಿದಷ್ಟೂ ತೆಳು ಸರ ದೂರವಾಗುತ್ತದೆ. ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ನಡೆಯುವ ಯಂತ್ರಗಳು ಈ ಸಂಕಟವನ್ನು ತಕ್ಕಮಟ್ಟಿಗೆ ತಗ್ಗಿಸುತ್ತವೆಯೇ ಹೊರತು ಪೂರ್ತಿ ನೀಗಿಸುವುದಿಲ್ಲ. ಒದ್ದೆ ಮರಳಿನಲ್ಲಿ ಒಂದೇ ಆವರ್ತನದ ಯಂತ್ರಕ್ಕಿಂತ ಅವೇ ಮೇಲು. ಮಿಡಿತದ ತಂತ್ರದ ಪಲ್ಸ್ ಇಂಡಕ್ಷನ್ ಯಂತ್ರಗಳು ಉಪ್ಪು ಮತ್ತು ಖನಿಜಯುಕ್ತ ನೆಲವನ್ನು ಚೆನ್ನಾಗಿ ತಾಳಿಕೊಂಡರೂ ಮೊಳೆಗೂ ಉಂಗುರಕ್ಕೂ ಭೇದ ತಿಳಿಸುವುದು ಕಡಿಮೆ.

ಮಾದರಿಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಗ್ಯಾರೆಟ್ ಏಸ್ 250 ನಡೆಯುವುದು 6.5 ಕಿಲೋಹರ್ಟ್ಸ್‌ನಲ್ಲಿ. ನಾಣ್ಯಕ್ಕೆ ಅದು ಸಾಕು, ತೆಳು ಒಡವೆಗೆ ಸಾಲದು. ಫಿಶರ್ ಗೋಲ್ಡ್ ಬಗ್ 2ರ 71 ಕಿಲೋಹರ್ಟ್ಸ್, ಮೈನ್‌ಲ್ಯಾಬ್ ಗೋಲ್ಡ್ ಮಾನ್ಸ್ಟರ್ 1000ದ 45 ಕಿಲೋಹರ್ಟ್ಸ್ ಚಿನ್ನದ ಕಾಳಿಗೆಂದೇ ಇರುವಂಥವು. ಒಣನೆಲದಲ್ಲಿ ಮೂಗುಬೊಟ್ಟಿಗೆ ಅವು ಒದಗುತ್ತವೆ, ಉಪ್ಪುನೀರಿನಲ್ಲಿ ಹೈರಾಣಾಗುತ್ತವೆ. ಒಡವೆ ಮತ್ತು ನಾಣ್ಯ ಎರಡೂ ಬೇಕೆನ್ನುವವರಿಗೆ ಮೈನ್‌ಲ್ಯಾಬ್ ಇಕ್ವಿನಾಕ್ಸ್ 800 ಅಥವಾ 900ರಂಥ ಬಹು ಆವರ್ತನದ ಯಂತ್ರವೇ ನನ್ನ ದೃಷ್ಟಿಯಲ್ಲಿ ಸರಿಯಾದ ಆಯ್ಕೆ. ಬೇಕಾದಾಗ 40 ಕಿಲೋಹರ್ಟ್ಸ್ ಒಂದನ್ನೇ ಬಳಸುವ ಅವಕಾಶವೂ ಇವುಗಳಲ್ಲಿದೆ, ಆದರೆ ಅದೇ ಸರಣಿಯ 700ರಲ್ಲಿ 15ಕ್ಕೇ ನಿಲ್ಲುತ್ತದೆ.

ಕಾಯಿಲ್ ದೊಡ್ಡದಾದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಸಣ್ಣ ವಸ್ತುವಿಗೆ 5ರಿಂದ 6 ಇಂಚಿನ ಕಾಯಿಲ್ ಹೆಚ್ಚು ಚುರುಕು, ಕಸದ ನಡುವೆ ಬಿಡಿಸಿ ನೋಡುವುದಕ್ಕೂ ಅದೇ ಮೇಲು. ಆಳದ ಜಾಹೀರಾತುಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕಾಯಿಲ್‌ನಿಂದ ದೂರ ಸರಿದಂತೆ ಸಣ್ಣ ವಸ್ತುವಿನ ಸಂಕೇತ ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಅಂದರೆ ದೂರ ಎರಡು ಪಟ್ಟಾದರೆ ಸಂಕೇತ ಅರವತ್ತನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ನೂರಾರು ಅಡಿ ದೂರದ ಚಿನ್ನವನ್ನು ತಿರುಗುವ ಕಡ್ಡಿಯಿಂದ ತೋರಿಸುತ್ತೇವೆನ್ನುವ ಉಪಕರಣಗಳನ್ನು ಈ ಒಂದು ಲೆಕ್ಕದಿಂದಲೇ ತಳ್ಳಿಹಾಕಬಹುದು. ಅಂಥದೇ ಕಡ್ಡಿಯನ್ನು ಎಡಿಇ 651 ಎಂಬ ಹೆಸರಿನಲ್ಲಿ ಬಾಂಬ್ ಪತ್ತೆಯ ಸಾಧನವೆಂದು ಇರಾಕಿಗೆ ಮಾರಿದ ಜೇಮ್ಸ್ ಮೆಕ್‌ಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಹತ್ತು ವರ್ಷ ಸೆರೆವಾಸ ವಿಧಿಸಿತು.

ಕೊಳ್ಳುವ ಮೊದಲು ಮನೆಯಲ್ಲಿರುವ ಅತ್ಯಂತ ತೆಳುವಾದ ಒಡವೆಯನ್ನೇ ಅಂಗಡಿಗೆ ಒಯ್ದು, ಮರದ ಕಡ್ಡಿಯ ತುದಿಗೆ ಅಂಟಿಸಿ ಕಾಯಿಲ್‌ನ ಮುಂದೆ ಆಡಿಸಿ ನೋಡಬೇಕು. ಕೈಯಲ್ಲಿ ಉಂಗುರ, ಬಳೆ, ಗಡಿಯಾರ ಇರಬಾರದು. ಗಾಳಿಯಲ್ಲಿ ಸಿಕ್ಕ ಅಂತರ ಮಣ್ಣಿನಲ್ಲಿ ಇನ್ನೂ ಕಡಿಮೆಯಾಗುತ್ತದೆ. ಮನೆಗೆ ತಂದ ಮೇಲೆ ಅದೇ ಒಡವೆಯನ್ನು ಹಿತ್ತಲಿನಲ್ಲಿ ಎರಡು, ನಾಲ್ಕು, ಆರು ಇಂಚು ಆಳದಲ್ಲಿ ಹೂತು ಸದ್ದನ್ನು ಕಿವಿಗೆ ರೂಢಿ ಮಾಡಿಕೊಳ್ಳಬೇಕು. ಹೂಳುವಾಗ ಒಡವೆಗೆ ಉದ್ದನೆಯ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ನೆಲದ ಮೇಲಿನ ಗೂಟಕ್ಕೆ ಬಿಗಿಯುವುದನ್ನು ಮರೆಯಬಾರದು.