ಖಾಲಿ ಬಿಟ್ಟ ಮೆಟ್ಟಿಲು: ಒಂದೂವರೆ ಲಕ್ಷದ ಫುಲ್ ಫ್ರೇಮ್‌ನಲ್ಲಿ ಏನಿಲ್ಲ, ಯಾಕಿಲ್ಲ

ನವೆಂಬರ್ ಬಂತೆಂದರೆ ಕರಾವಳಿಯಲ್ಲಿ ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ, ಮದುವೆ ಮೂರೂ ಒಟ್ಟಿಗೇ ಶುರು. ಮಂಗಳೂರಿನ ಕ್ಯಾಮೆರಾ ಅಂಗಡಿಯ ಕೌಂಟರಿನಲ್ಲೂ ಉಡುಪಿಯ ಫೋಟೋಗ್ರಾಫರರ ವಾಟ್ಸ್ಯಾಪ್ ಗುಂಪಿನಲ್ಲೂ ಆಗ ಒಂದೇ ಪ್ರಶ್ನೆ: "ಈಗಲೇ ತಗೊಳ್ಳುವುದಾ, ಮುಂದಿನ ಮಾಡೆಲ್‌ಗೆ ಕಾಯುವುದಾ?" ಮುಂದಿನದು ಏನು ಎಂದು ಊಹಿಸುವ ಮೊದಲು ಈಗಿನ ಸಾಲಿನಲ್ಲಿ ಯಾವ ಮೆಟ್ಟಿಲು ಖಾಲಿ ಇದೆ, ಯಾಕೆ ಖಾಲಿ ಇದೆ ಎಂದು ನೋಡಬೇಕು. ಕಂಪನಿಯವರು ಮರೆತು ಬಿಟ್ಟದ್ದು ಕಡಿಮೆ, ಬೇಕೆಂದೇ ಬಿಟ್ಟದ್ದೇ ಜಾಸ್ತಿ. ಇಲ್ಲಿನ ಲೆಕ್ಕವೆಲ್ಲ 2025ರ ಡಿಸೆಂಬರ್‌ವರೆಗಿನದು.

ಒಂದೂವರೆ ಲಕ್ಷದ ಆಸುಪಾಸಿನ ಎರಡು ಫುಲ್ ಫ್ರೇಮ್ (ಹಳೇ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಬಾಡಿಗಳನ್ನು ಮೇಜಿನ ಮೇಲಿಡಿ. 2025ರ ಏಪ್ರಿಲ್‌ನಲ್ಲಿ ಬಂದ ನಿಕಾನ್ ಝಡ್5 ಮಾರ್ಕ್ 2ರಲ್ಲಿ 24.5 ಮೆಗಾಪಿಕ್ಸೆಲ್, ಎರಡು ಎಸ್‌ಡಿ ಸ್ಲಾಟ್, ಬಾಡಿಯೊಳಗೇ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್, 2280 ಎಂಎಎಚ್ ಬ್ಯಾಟರಿ ಇವೆ. ಆದರೆ ಸೆನ್ಸರ್ ನಿಧಾನದ್ದು. 2023ರ ಫೆಬ್ರವರಿಯ ಕ್ಯಾನನ್ ಆರ್8ರಲ್ಲಿ ಆರ್6 ಮಾರ್ಕ್ 2ರ 24.2 ಮೆಗಾಪಿಕ್ಸೆಲ್ ಸೆನ್ಸರೇ ಇದೆ, ಅದು ಚುರುಕು. ಆದರೆ ಸ್ಲಾಟ್ ಒಂದೇ, ಸ್ಟೆಬಿಲೈಸೇಶನ್ ಇಲ್ಲ, ಬ್ಯಾಟರಿ 1040 ಎಂಎಎಚ್‌ನ ಚಿಕ್ಕದು. ಕ್ಯಾನನ್‌ನವರು ಕಣ್ಣು ಕೊಟ್ಟು ಹೊಟ್ಟೆ ಕಟ್ಟಿದ್ದಾರೆ, ನಿಕಾನ್‌ನವರು ಹೊಟ್ಟೆ ತುಂಬಿಸಿ ಕಣ್ಣನ್ನು ಅರ್ಧ ಮುಚ್ಚಿದ್ದಾರೆ. ಚುರುಕು ಸೆನ್ಸರ್, ಎರಡು ಸ್ಲಾಟ್, ದೊಡ್ಡ ಬ್ಯಾಟರಿ ಮೂರೂ ಬೇಕೆಂದರೆ ನಿಕಾನ್ ಝಡ್6 ಮಾರ್ಕ್ 3, ಕ್ಯಾನನ್ ಆರ್6 ಮಾರ್ಕ್ 3, ಸೋನಿ ಎ7 ಮಾರ್ಕ್ 5ರ ಮೆಟ್ಟಿಲಿಗೆ ಹತ್ತಬೇಕು. ನಡುವೆ ಹೊಸದಾಗಿ ಬಂದ ಮಾಡೆಲ್ ಯಾವುದೂ ಇಲ್ಲ.

ಸೆನ್ಸರ್ ಚುರುಕು ಎಂದರೇನು? ಪರದೆ ಆಡಿಸದೆ ಸದ್ದಿಲ್ಲದೆ ಕೆಲಸ ಮಾಡುವ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ಎತ್ತಿಕೊಳ್ಳುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತಾ ಬರುತ್ತದೆ. ಹಾಗೆ ಓದಿ ಮುಗಿಸುವ ಸಮಯವೇ ರೀಡ್‌ಔಟ್. ಶಟರ್ ವೇಗ 1/2000 ಇಟ್ಟರೂ ಈ ಸಮಯ ಬದಲಾಗುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಸೋನಿ ಎ7 ಮಾರ್ಕ್ 4ರಲ್ಲಿ ಅದು ಸುಮಾರು 67 ಮಿಲಿಸೆಕೆಂಡ್, ಝಡ್5 ಮಾರ್ಕ್ 2ರಲ್ಲಿ 50ರ ಆಸುಪಾಸು, ಝಡ್6 ಮಾರ್ಕ್ 3 ಮತ್ತು ಆರ್8ರಲ್ಲಿ 15ರ ಹತ್ತಿರ, ನಿಕಾನ್ ಝಡ್8ರಲ್ಲಿ 4ಕ್ಕೂ ಕಡಿಮೆ. ಮೆಕ್ಯಾನಿಕಲ್ ಶಟರಿನ ಪರದೆ ಸೆನ್ಸರಿನ ಮೇಲೆ ಹಾದುಹೋಗಲು ತೆಗೆದುಕೊಳ್ಳುವುದೂ ಸರಿಸುಮಾರು ಈ 4 ಮಿಲಿಸೆಕೆಂಡನ್ನೇ. ಝಡ್8 ಮತ್ತು ಝಡ್9ರಲ್ಲಿ ನಿಕಾನ್ ಮೆಕ್ಯಾನಿಕಲ್ ಶಟರನ್ನೇ ಕಿತ್ತು ಹಾಕಲು ಸಾಧ್ಯವಾದದ್ದು ಇದರಿಂದಲೇ.

ಅಂಗಡಿಯಲ್ಲಿ ಇದನ್ನು ನೀವೇ ಅಳೆಯಬಹುದು, ಸಾಮಗ್ರಿ ಏನೂ ಬೇಡ. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ಹಳೇ ಚೋಕಿನ ಟ್ಯೂಬ್‌ಲೈಟು ಅಥವಾ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಂಥ ಬೆಳಕು ಬಿದ್ದಿರುವ ಬಿಳಿ ಗೋಡೆಯನ್ನು ಫ್ರೇಮಿನ ತುಂಬ ಹಿಡಿಯಿರಿ, ಕ್ಯಾಮೆರಾ ಅಡ್ಡಕ್ಕೇ ಇರಲಿ. ಎಲೆಕ್ಟ್ರಾನಿಕ್ ಶಟರ್, 1/1000, ಲೆನ್ಸ್ ಪೂರ್ತಿ ತೆರೆದು, ಐಎಸ್‌ಒ 3200ರಿಂದ 6400. ಫ್ಲಿಕರ್ ತಗ್ಗಿಸುವ ಸೆಟ್ಟಿಂಗ್ ಆಫ್ ಆಗಿರಬೇಕು. ಚಿತ್ರ ತೆಗೆದು ಮೇಲಿನಿಂದ ಕೆಳಗೆ ಕಪ್ಪು ಪಟ್ಟಿ ಎಷ್ಟಿವೆ ಎಣಿಸಿ. ಒಂದು ಪಟ್ಟಿಗೆ 10 ಮಿಲಿಸೆಕೆಂಡ್. ಏಳು ಪಟ್ಟಿಯ ಹತ್ತಿರ ಬಂದರೆ ರೀಡ್‌ಔಟ್ 70ರ ಹತ್ತಿರ, ಐದು ಬಂದರೆ 50, ಒಂದೂವರೆ ಬಂದರೆ 15. ಝಡ್8ರಂಥದ್ದರಲ್ಲಿ ಪಟ್ಟಿಯೇ ಕಾಣುವುದಿಲ್ಲ, ಗೋಡೆ ಒಂದು ಕಡೆ ಸ್ವಲ್ಪ ಮಬ್ಬಾಗಿರುತ್ತದೆ ಅಷ್ಟೆ. ಪಟ್ಟಿ ಏನೂ ಬಾರದಿದ್ದರೆ ಕ್ಯಾಮೆರಾವನ್ನು ಹೊಗಳಬೇಡಿ, ಆ ಬಲ್ಬಿನ ಡ್ರೈವರ್ ಒಳ್ಳೆಯದಿರಬಹುದು. ಬೇರೆ ದೀಪದ ಕೆಳಗೆ ಹೋಗಿ. ನೀವು ನಿಜವಾಗಿ ಬಳಸುವ ಮೋಡ್‌ನಲ್ಲೇ ಪರೀಕ್ಷೆ ಮಾಡಿ. ಕೆಲವು ಬಾಡಿಗಳು ಎಲೆಕ್ಟ್ರಾನಿಕ್ ಶಟರ್‌ನಲ್ಲಿ 14 ಬಿಟ್‌ನಿಂದ 12 ಬಿಟ್‌ಗೆ ಇಳಿದೇ, ಅಂದರೆ ಬೆಳಕು ನೆರಳಿನ ಸೂಕ್ಷ್ಮ ವಿವರ ಸ್ವಲ್ಪ ಬಿಟ್ಟುಕೊಟ್ಟೇ ಆ ವೇಗ ಪಡೆಯುವುದು. ಆರ್8, ಆರ್6 ಮಾರ್ಕ್ 2 ಎರಡೂ ಹಾಗೆಯೇ.

ಈ ಪಟ್ಟಿಗಳೇ ಮದುವೆ ಹಾಲ್‌ನ ಮೆಹಂದಿ ಸ್ಟೇಜಿನಲ್ಲಿ, ಕುದ್ರೋಳಿ ದಸರಾದ ದೀಪಾಲಂಕಾರದ ಮುಂದೆ, ಮೇಳದ ರಂಗಸ್ಥಳದ ಎಲ್‌ಇಡಿ ಕೆಳಗೆ ಮುಖದ ಮೇಲೆ ಅಡ್ಡಡ್ಡ ಬೀಳುವುದು. ಸ್ಟೇಜಿನ ಬಣ್ಣದ ಎಲ್‌ಇಡಿಗಳು 100 ಸಲ ಅಲ್ಲ, ಸಾವಿರಗಟ್ಟಲೆ ಸಲ ಮಿನುಗುತ್ತವೆ. ಆಗ ಪಟ್ಟಿ ತೆಳ್ಳಗಾಗಿ ಸಾಲು ಸಾಲಾಗಿ ಬರುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿದರೆ 100 ಹರ್ಟ್ಸಿನ ಪಟ್ಟಿ ಮಾಯ, ಆದರೆ ಅಷ್ಟು ಹೊತ್ತಿಗೆ ತೆಂಕುತಿಟ್ಟಿನ ಪುಂಡುವೇಷ ಅರ್ಧ ದಿಗಿಣ (ಜಿಗಿದು ಹಾಕುವ ಗಿರಕಿ) ಮುಗಿಸಿರುತ್ತದೆ. ವೇಗದ ಮಿನುಗಿಗೆ ಶಟರನ್ನು ದಶಾಂಶದ ಲೆಕ್ಕದಲ್ಲಿ ಹೊಂದಿಸುವ ಸೌಲಭ್ಯ ಬೇಕು. ಅದು ಮೂರೂ ಕಂಪನಿಗಳ ಮಧ್ಯಮ ಬಾಡಿಗಳಲ್ಲಿ ಈಗ ಬಂದಿದೆ, ಕೊಳ್ಳುವಾಗ ಮೆನುವಿನಲ್ಲಿ ಹುಡುಕಿ ನೋಡಿ.

ಇಷ್ಟು ತೊಂದರೆ ಯಾಕೆ, ಮೆಕ್ಯಾನಿಕಲ್ ಶಟರ್ ಹಾಕಿದರಾಯಿತಲ್ಲ ಎಂದರೆ ಅದು ಸರಿಯಾದ ಮಾತೇ. ಯಕ್ಷಗಾನದ ಆಟದಲ್ಲಿ ಚಂಡೆಪೆಟ್ಟಿನ ನಡುವೆ ಶಟರಿನ ಟಕ್ ಸದ್ದು ಯಾರಿಗೆ ಕೇಳಬೇಕು? ಈ ಬೆಲೆಯ ಬಾಡಿಗಳಲ್ಲಿ ಫ್ಲಾಶ್ ಹಾಕುವವರಿಗೆ ಮೆಕ್ಯಾನಿಕಲ್ ಬಿಟ್ಟರೆ ಗತಿಯೂ ಇಲ್ಲ. ಮುಕ್ಕಾಲು ಪಾಲು ಕೆಲಸಕ್ಕೆ ಝಡ್5 ಮಾರ್ಕ್ 2ರ ನಿಧಾನ ಸೆನ್ಸರ್ ಕೊರತೆಯೇ ಅಲ್ಲ. ಕೊರತೆಯಾಗುವುದು ಎರಡು ಕಡೆ. ಒಂದು, ಇಗರ್ಜಿಯ ಮದುವೆಯಂಥ ಸದ್ದಿಲ್ಲದ ಜಾಗ. ಇನ್ನೊಂದು ಪ್ರೀ ಕ್ಯಾಪ್ಚರ್, ಅಂದರೆ ಬಟನ್ ಒತ್ತುವ ಮೊದಲಿನ ಅರ್ಧ ಅಥವಾ ಒಂದು ಸೆಕೆಂಡಿನ ಚಿತ್ರಗಳನ್ನೂ ಉಳಿಸಿಕೊಡುವ ಸೌಲಭ್ಯ. ಅದು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಮಾತ್ರ ನಡೆಯುತ್ತದೆ.

ಕಂಬಳದ ಕನೆಹಲಗೆಗೆ, ಅಂದರೆ ನೀರು ಎಷ್ಟು ಎತ್ತರ ಚಿಮ್ಮಿತೆಂದು ನೋಡುವ ಸ್ಪರ್ಧೆಗೆ, ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನೀರು ಚಿಮ್ಮಿ ಆರೂವರೆ ಕೋಲು ಅಥವಾ ಏಳೂವರೆ ಕೋಲಿನ ನಿಶಾನೆ ಮುಟ್ಟುವ ಗಳಿಗೆಯನ್ನು ಕಣ್ಣು ನೋಡಿ, ಬೆರಳು ಒತ್ತುವಷ್ಟರಲ್ಲಿ ನೀರು ಕೆಳಗಿಳಿದಿರುತ್ತದೆ. ಆದರೆ ನಿಧಾನ ಸೆನ್ಸರ್‌ನಲ್ಲಿ ಏನಾಗುತ್ತದೆ ಲೆಕ್ಕ ಹಾಕಿ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಓಡಿಸಿದ ಕೋಣಗಳು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದವು. ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್ ಆಯಿತು. ಕೋಣ ಫ್ರೇಮಿನ ಅರ್ಧ ಎತ್ತರ ತುಂಬಿದ್ದರೆ, 67 ಮಿಲಿಸೆಕೆಂಡಿನ ಸೆನ್ಸರ್ ಕೊಂಬಿನಿಂದ ಗೊರಸಿನವರೆಗೆ ಓದುವಷ್ಟರಲ್ಲಿ ಕೋಣ 35 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕಾಲು ಒಂದು ಕಡೆ, ಕೊಂಬು ಒಂದು ಕಡೆ. 15 ಮಿಲಿಸೆಕೆಂಡಿನದ್ದರಲ್ಲಿ ಇದು 8 ಸೆಂಟಿಮೀಟರ್, ಝಡ್8ರಲ್ಲಿ ಎರಡೇ. ಎಂಟು ಸೆಂಟಿಮೀಟರ್ ಕೋಣದಂಥ ದೇಹದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಮೂವತ್ತೈದು ಬಿದ್ದೇ ಬೀಳುತ್ತದೆ. ಕೋಣದ ಜತೆಗೇ ಕ್ಯಾಮೆರಾ ತಿರುಗಿಸಿದರೆ ಕೋಣ ನೆಟ್ಟಗೆ ಬರುತ್ತದೆ, ಹಿಂದಿನ ದೀಪದ ಕಂಬಗಳು ವಾಲುತ್ತವೆ. ಝಡ್5 ಮಾರ್ಕ್ 2, ಝಡ್6 ಮಾರ್ಕ್ 3 ಎರಡರಲ್ಲೂ ಪ್ರೀ ಕ್ಯಾಪ್ಚರ್ ಜೆಪೆಗ್‌ಗೆ ಮಾತ್ರ. ರಾತ್ರಿಯ ಫ್ಲಡ್‌ಲೈಟಿನಲ್ಲಿ ವೈಟ್ ಬ್ಯಾಲೆನ್ಸ್ ತಪ್ಪಿದರೆ ಆಮೇಲೆ ತಿದ್ದುವ ಅವಕಾಶ ಕಡಿಮೆ, ಆದ್ದರಿಂದ ಮೊದಲೇ ಕರೆಯ (ಕೋಣ ಓಡುವ ಗದ್ದೆಯ) ಬೆಳಕಿಗೆ ವೈಟ್ ಬ್ಯಾಲೆನ್ಸಿನ ಕೆಲ್ವಿನ್ ಅಂಕಿ ಹೊಂದಿಸಿಟ್ಟುಕೊಳ್ಳಿ. ಆರ್8ರಲ್ಲಿ ಅರ್ಧ ಸೆಕೆಂಡಿನಷ್ಟು, ಆಮೇಲೆ ತಿದ್ದಲು ಬರುವ ರಾ ಫೈಲೇ ಸಿಗುತ್ತದೆ.

ಈಗ ಖಾಲಿ ಮೆಟ್ಟಿಲಿಗೆ ಬರೋಣ. ನಮ್ಮ ಗದ್ದೆಗಳಲ್ಲಿ ಬೆಟ್ಟು ತುಂಬಿದ ಮೇಲೆ ಮಜಲಿಗೆ, ಮಜಲು ತುಂಬಿದ ಮೇಲೆ ಬೈಲಿಗೆ ನೀರು ಇಳಿಯುತ್ತದಲ್ಲ, ಸೆನ್ಸರೂ ಹಾಗೆಯೇ. ಎ7 ಮಾರ್ಕ್ 4ರ 33 ಮೆಗಾಪಿಕ್ಸೆಲ್ ಸೆನ್ಸರ್ 2021ರ ಅಕ್ಟೋಬರ್‌ನಲ್ಲಿ ಬಂತು, 2023ರ ಆಗಸ್ಟ್‌ನಲ್ಲಿ ಎ7ಸಿ ಮಾರ್ಕ್ 2ಕ್ಕೆ ಇಳಿಯಿತು. ಆರ್6 ಮಾರ್ಕ್ 2ರದ್ದು ಆರ್8ಕ್ಕೆ ಮೂರೇ ತಿಂಗಳಲ್ಲಿ ಇಳಿಯಿತು, ಆದರೆ ಇಳಿಯುವಾಗ ಸ್ಲಾಟ್, ಬ್ಯಾಟರಿ, ಸ್ಟೆಬಿಲೈಸೇಶನ್ ಮೇಲೆಯೇ ಉಳಿದವು. ಎ7ಸಿ ಮಾರ್ಕ್ 2ರಲ್ಲೂ ಸ್ಲಾಟ್ ಒಂದೇ. ಎರಡನೇ ಸ್ಲಾಟಿನ ಬಿಡಿಭಾಗಕ್ಕೆ ದೊಡ್ಡ ಖರ್ಚೇನೂ ಇಲ್ಲ, ಮದುವೆ ಫೋಟೋಗ್ರಾಫರ್ ಕೆಳಗಿನ ಮೆಟ್ಟಿಲಲ್ಲೇ ನಿಂತುಬಿಡಬಾರದು ಎಂಬುದೇ ಅದರ ಹಿಂದಿನ ಲೆಕ್ಕ ಎಂದು ನನ್ನ ತೀರ್ಮಾನ.

ಚುರುಕು ಸೆನ್ಸರಿನ ವಿಷಯ ಬೇರೆ, ಅಲ್ಲಿ ಖರ್ಚು ನಿಜವಾಗಿಯೂ ಇದೆ. ಓದುವ ಸರ್ಕ್ಯೂಟನ್ನು ಇಡಿಯಾಗಿ ಹಿಂದೆ ಪದರವಾಗಿ ಪೇರಿಸಿದ ಪೂರ್ತಿ ಸ್ಟ್ಯಾಕ್ಡ್ ಸೆನ್ಸರ್ ದುಬಾರಿ, ಅದಕ್ಕೇ ಆ ಸರ್ಕ್ಯೂಟನ್ನು ಮೇಲೆ ಕೆಳಗೆ ಅಂಚಿನಲ್ಲಿ ಮಾತ್ರ ಪೇರಿಸುವ ಅರೆ ಸ್ಟ್ಯಾಕ್ಡ್ ದಾರಿ ಹುಟ್ಟಿತು. 2024ರ ಜೂನ್‌ನಲ್ಲಿ ಝಡ್6 ಮಾರ್ಕ್ 3, 2025ರಲ್ಲಿ ಪ್ಯಾನಸೋನಿಕ್ ಎಸ್1 ಮಾರ್ಕ್ 2, ಡಿಸೆಂಬರ್‌ನಲ್ಲಿ ಎ7 ಮಾರ್ಕ್ 5 ಅದನ್ನು ಹಿಡಿದವು. ಎ7 ಮಾರ್ಕ್ 5ರ ರೀಡ್‌ಔಟ್ ಹಿಂದಿನದಕ್ಕಿಂತ ನಾಲ್ಕೂವರೆ ಪಟ್ಟು ಚುರುಕು ಎನ್ನುತ್ತದೆ ಸೋನಿ, ಅಂದರೆ ಅದೇ 15ರ ಆಸುಪಾಸು. ಇದಕ್ಕೂ ಒಂದು ಬೆಲೆ ತೆರಬೇಕು. ಝಡ್6 ಮಾರ್ಕ್ 3ರಲ್ಲಿ ಕಡಿಮೆ ಐಎಸ್‌ಒದಲ್ಲಿ ನೆರಳಿನ ಭಾಗವನ್ನು ಆಮೇಲೆ ಬೆಳಗಿಸಿದರೆ ಗದ್ದಲ (ನಾಯ್ಸ್, ಚಿತ್ರದ ಕಾಳುಕಾಳು) ಝಡ್5 ಮಾರ್ಕ್ 2ಕ್ಕಿಂತ ಬೇಗ ಏಳುತ್ತದೆ. ಮಲ್ಪೆಯಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತ ಜೋಡಿಯ ಮುಖ ಬೆಳಗಿಸುವವರು ಇದನ್ನು ಗಮನಿಸಬೇಕು. ಆ ಕೆಲಸಕ್ಕೆ ಅಗ್ಗದ ಬಾಡಿಯೇ ವಾಸಿ.

ಹಿಂದಿನ ಲೆಕ್ಕ ಹಿಡಿದರೆ ಅರೆ ಸ್ಟ್ಯಾಕ್ಡ್ ಸೆನ್ಸರ್ ಕೆಳಗಿನ ಮೆಟ್ಟಿಲಿಗೆ ಇಳಿಯಲು ಒಂದೆರಡು ವರ್ಷವಾದರೂ ಬೇಕು, ಇಳಿದರೂ ಒಂದೇ ಸ್ಲಾಟಿನ ಬಾಡಿಯಲ್ಲಿ ಇಳಿಯುವ ಸಂಭವವೇ ಹೆಚ್ಚು. ಎರಡು ಸ್ಲಾಟ್ ಬೇಕಾದವರು ಅದಕ್ಕೆ ಕಾದು ಕೂರುವುದರಲ್ಲಿ ಹುರುಳಿಲ್ಲ. ಇನ್ನೆರಡು ಖಾಲಿ ಜಾಗಗಳ ಬಗ್ಗೆ ಸುದ್ದಿ ಜಾಸ್ತಿ, ನಮ್ಮೂರಿನ ಕೆಲಸಕ್ಕೆ ಅವು ಅಷ್ಟು ತಾಗುವುದಿಲ್ಲ: 2020ರ ಅಕ್ಟೋಬರ್‌ನ ನಿಕಾನ್ ಝಡ್7 ಮಾರ್ಕ್ 2, ಅದೇ ವರ್ಷದ ಜುಲೈಯ ಸೋನಿ ಎ7ಎಸ್ ಮಾರ್ಕ್ 3. ಎರಡಕ್ಕೂ ಉತ್ತರಾಧಿಕಾರಿ ಬಂದಿಲ್ಲ. ಮೊದಲನೆಯದರ 45.7 ಮೆಗಾಪಿಕ್ಸೆಲನ್ನು ಝಡ್8 ನುಂಗಿತು, ಎರಡನೆಯದರ ವಿಡಿಯೋ ಕೆಲಸವನ್ನು ಸೋನಿಯದೇ ಎಫ್ಎಕ್ಸ್ ಎಂಬ ವಿಡಿಯೋ ಕ್ಯಾಮೆರಾ ಸಾಲು ನುಂಗಿತು.

ಬಾಡಿಗಳ ಸಾಲಿಗಿಂತ ಲೆನ್ಸ್‌ಗಳ ಸಾಲಿನಲ್ಲಿ ಕೊರತೆ ದೊಡ್ಡದು. ಕ್ಯಾನನ್‌ನ ಈಗಿನ ಆರ್‌ಎಫ್ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಆಟೋಫೋಕಸ್ ಲೆನ್ಸ್‌ಗಳು 2024ರಿಂದ ಬರುತ್ತಿರುವುದು ಚಿಕ್ಕ ಸೆನ್ಸರಿನ ಎಪಿಎಸ್-ಸಿಗೆ ಮಾತ್ರ, ಫುಲ್ ಫ್ರೇಮ್‌ಗೆ ಇಲ್ಲ. 28-70 ಎಫ್ 2.8 ಎಸ್‌ಟಿಎಂ ಬಂದು ಮದುವೆ ಹಾಲ್‌ನ ಕೆಲಸದ ಕೊರತೆ ನೀಗಿತು, ಅಗ್ಗದ 70-200 ಎಫ್ 2.8 ಮಾತ್ರ ಇಲ್ಲ. ಕೈಗೆಟಕುವುದು 100-400, ಅದು 400ರಲ್ಲಿ ಎಫ್ 8. ಕಂಬಳದ ರಾತ್ರಿಯಲ್ಲಿ ಎಫ್ 2.8, 1/1000ಕ್ಕೆ ಐಎಸ್‌ಒ 3200 ಸಾಕಾದರೆ, ಎಫ್ 8ಕ್ಕೆ ಮೂರು ಸ್ಟಾಪ್ ಏರಿ 25600 ಬೇಕು. ಅದಕ್ಕಿಂತ ಡಿಎಸ್‌ಎಲ್‌ಆರ್ ಕಾಲದ ಹಳೇ ಇಎಫ್ 70-200 ಎಫ್ 2.8 ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸುವುದು ಜಾಣತನ, ಫೋಕಸ್ ಚೆನ್ನಾಗಿಯೇ ಹಿಡಿಯುತ್ತದೆ. ನಿಕಾನ್‌ನಲ್ಲಿ 70-180 ಎಫ್ 2.8, ಟ್ಯಾಮ್ರಾನ್ 35-150 ಇವೆ. ಸೋನಿಯಲ್ಲಿ ಆಯ್ಕೆಗೆ ಬರವೇ ಇಲ್ಲ.

ಹಾಗಾದರೆ ಖಾಲಿ ಮೆಟ್ಟಿಲಲ್ಲಿ ಈಗ ನಿಲ್ಲುವುದು ಹೇಗೆ? ಸೆಕೆಂಡ್ ಹ್ಯಾಂಡ್ ಆರ್6 ಮಾರ್ಕ್ 2. ಎರಡು ಎಸ್‌ಡಿ ಸ್ಲಾಟ್, 15ರ ಆಸುಪಾಸಿನ ರೀಡ್‌ಔಟ್, ದೊಡ್ಡ ಬ್ಯಾಟರಿ. 2025ರ ನವೆಂಬರ್‌ನಲ್ಲಿ ಮಾರ್ಕ್ 3 ಬಂದ ಮೇಲೆ ಕೈ ಬದಲಾಯಿಸುವವರು ಇದ್ದೇ ಇರುತ್ತಾರೆ. ಮೂರನೆಯದರಲ್ಲಿ 32.5 ಮೆಗಾಪಿಕ್ಸೆಲ್ ಇದೆ, ಒಂದು ಸ್ಲಾಟ್ ಸಿಎಫ್ಎಕ್ಸ್‌ಪ್ರೆಸ್ ಆಗಿದೆ. ಕಾರ್ಡಿನ ಖರ್ಚೂ ಲೆಕ್ಕಕ್ಕೆ ಹಿಡಿಯಿರಿ.

ಕರಾವಳಿಯಲ್ಲಿ ಓಡಾಡಿದ ಬಾಡಿ ಕೊಳ್ಳುವಾಗ ಶಟರ್ ಕೌಂಟ್‌ಗಿಂತ ಮೊದಲು ಫ್ಲಾಶ್ ಕೂರಿಸುವ ಹಾಟ್‌ಶೂ ಹಳಿಯನ್ನು, ಟ್ರೈಪಾಡ್ ತೂತನ್ನು, ಬೆಲ್ಟಿನ ಕೊಂಡಿಯನ್ನು ನೋಡಿ. ಉಪ್ಪುಗಾಳಿ ಮೊದಲು ಕಚ್ಚುವುದು ಅಲ್ಲಿ. ಬ್ಯಾಟರಿ ಬಾಗಿಲು ತೆಗೆದು ಒಳಗಿನ ಸಂಪರ್ಕಗಳ ಮೇಲೆ ಟಾರ್ಚ್ ಹಾಯಿಸಿ, ಹಸಿರು ಹುಡಿ ಕಂಡರೆ ಬಾಡಿ ಬೇಡ. ಹಿಡಿಯ ರಬ್ಬರ್ ಅಂಟಂಟಾಗಿದ್ದರೆ ಅಥವಾ ಅಂಚಿನಲ್ಲಿ ಎದ್ದಿದ್ದರೆ ಅದು ಒಂದೆರಡು ಮಳೆಗಾಲವನ್ನು ಬ್ಯಾಗಿನೊಳಗೇ ಕಳೆದದ್ದು. ಜತೆಗೆ ಕೊಡುವ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ, ಬೂಸ್ಟು ಜೇಡನ ಬಲೆಯ ಹಾಗೆ ಅಂಚಿನಿಂದ ಹಬ್ಬಿರುತ್ತದೆ. ಮಾರುವವರು ಡ್ರೈ ಕ್ಯಾಬಿನೆಟ್ ಇದೆ ಎಂದರೆ ಅದರ ತೇವಾಂಶದ ಮುಳ್ಳು ಎಷ್ಟರಲ್ಲಿದೆ ಎಂದೂ ಕೇಳಿ. 40ರಿಂದ 50 ಶೇಕಡಾ ಎಂದರೆ ಸರಿ. 70 ಎಂದರೆ ಅದು ಬರೀ ಕಪಾಟು.