ರಕ್ತಕಣದ ಒಳಗೊಂದು ಬಲೆ

ಜೀವಕೋಶ ಅಂದರೆ ನೀರು ತುಂಬಿದ ಪುಟ್ಟ ಚೀಲ ಅಂತ ಶಾಲೆಯಲ್ಲಿ ಕಲಿತವರೇ ಜಾಸ್ತಿ. ಚಿತ್ರವೂ ಹಾಗೇ ಇರುತ್ತದೆ: ಸುತ್ತ ಒಂದು ಗೆರೆ, ನಡುವೆ ಒಂದು ಚುಕ್ಕೆ. ಕೆಂಪು ರಕ್ತಕಣ ಪಡುವ ಪಾಡು ನೋಡಿದರೆ ಈ ಚಿತ್ರ ಸಾಲದು. ಅದರ ಅಗಲ ಸುಮಾರು 8 ಮೈಕ್ರೋಮೀಟರ್. ಅತಿ ಸಣ್ಣ ರಕ್ತನಾಳಗಳು ಕೆಲವು ಕಡೆ ಅದರ ಅರ್ಧದಷ್ಟೂ ಅಗಲ ಇರುವುದಿಲ್ಲ. ಹಳೆಯ ರಕ್ತಕಣಗಳನ್ನು ಸೋಸಿ ತೆಗೆಯುವ ಅಂಗವಾದ ಗುಲ್ಮದಲ್ಲಿ (ಸ್ಪ್ಲೀನ್) ದಾಟಬೇಕಾದ ಸೀಳಂತೂ ಇನ್ನೂ ಕಿರಿದು, ಹತ್ತಿರ ಹತ್ತಿರ 1 ಮೈಕ್ರೋಮೀಟರ್. ಕಣ ಮಡಚಿಕೊಂಡು ಅದರಲ್ಲಿ ನುಸುಳುತ್ತದೆ. ಆಚೆ ಬಂದ ಕೂಡಲೇ ಮೊದಲಿನ ಆಕಾರಕ್ಕೆ ಮರಳುತ್ತದೆ. ಸುಮಾರು 120 ದಿನ ಇದೇ ಅದರ ಬದುಕು. ಮೇಲಿನ ಪೊರೆಯೊಂದರಿಂದಲೇ ಇದು ಆಗುವ ಮಾತಲ್ಲ. ಆ ಪೊರೆಯ ವಿಸ್ತೀರ್ಣ ನೂರಕ್ಕೆ ನಾಲ್ಕರಷ್ಟು ಹಿಗ್ಗುವ ಹೊತ್ತಿಗೇ ಹರಿಯುತ್ತದೆ.

ಆನೆಗೊಂದಿಯ ಹರಿಗೋಲು ನೋಡಿದವರಿಗೆ ಇದರ ರಚನೆ ಬೇಗ ತಿಳಿಯುತ್ತದೆ. ಒಳಗೆ ಬಿದಿರಿನ ಹೆಣಿಗೆ, ಹೊರಗೆ ಹೊದಿಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ದೋಣಿಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎನ್ನುತ್ತಾನೆ. ಐನೂರು ವರ್ಷ ಕಳೆದರೂ ತುಂಗಭದ್ರೆಯಲ್ಲಿ ಅವು ಸುತ್ತುವುದು ನಿಂತಿಲ್ಲ! ರಕ್ತಕಣದಲ್ಲೂ ಹೊರಗೆ ತೆಳು ಪೊರೆ, ಅದರ ಒಳಮೈಗೆ ಹೆಣೆದ ಪ್ರೋಟೀನ್ ಬಲೆ. ಎಳೆಯ ಹೆಸರು ಸ್ಪೆಕ್ಟ್ರಿನ್. ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಚಿಕ್ಕ ತುಂಡುಗಳು ಗಂಟಿನ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಒಂದೊಂದು ಗಂಟಿಗೆ ಆರು ಎಳೆ. ಆಂಕಿರಿನ್ ಎಂಬ ಪ್ರೋಟೀನ್ ಬಲೆಯನ್ನು ಪೊರೆಗೆ ಬಿಗಿಯುತ್ತದೆ.

ಹೋಲಿಕೆ ಇಲ್ಲಿಗೆ ಸಾಕು. ಬಿದಿರಿನ ಸೀಳು ಗಟ್ಟಿ, ಬಾಗಿಸಿದರೆ ತನ್ನ ಬಿಗುವಿನಿಂದಲೇ ಮರಳುತ್ತದೆ. ಸ್ಪೆಕ್ಟ್ರಿನ್ ಹಾಗಲ್ಲ, ಅದು ಮೆತ್ತಗಿನ ಎಳೆ. ಅದರ ಪುಟಿಯುವ ಗುಣ ಬಂದಿರುವುದು ಬೇರೆ ಕಡೆಯಿಂದ, ನನಗೆ ಅತ್ಯಂತ ಚೆಂದ ಅನಿಸುವುದೂ ಅದೇ. ಪೂರ್ತಿ ಎಳೆದರೆ ಈ ಎಳೆ ಸುಮಾರು 200 ನ್ಯಾನೋಮೀಟರ್ ಉದ್ದ. ಕಣದೊಳಗೆ ಗಂಟಿನಿಂದ ಗಂಟಿಗೆ ಇರುವ ದೂರ ಬರೀ 70ರ ಆಸುಪಾಸು. ಅಂದರೆ ಎಳೆ ಸೊಟ್ಟಸೊಟ್ಟಗೆ ಮುದುಡಿಕೊಂಡಿದೆ. ಯಾಕೆ? ಮೈಬಿಸಿಗೆ ಸುತ್ತಲಿನ ನೀರಿನ ಅಣುಗಳು ಅದನ್ನು ಎಲ್ಲ ದಿಕ್ಕಿನಿಂದಲೂ ಬಡಿಯುತ್ತಲೇ ಇರುತ್ತವೆ. ಎಳೆ ನೆಟ್ಟಗೆ ನಿಲ್ಲಲು ಇರುವುದು ಒಂದೇ ದಾರಿ. ಸೊಟ್ಟಗಿರಲು ಲೆಕ್ಕವಿಲ್ಲದಷ್ಟು ದಾರಿ. ಆದ್ದರಿಂದ ಎಳೆದು ಬಿಟ್ಟರೆ ಅದು ಸೊಟ್ಟಗಾಗಿಯೇ ಆಗುತ್ತದೆ. ಯಾರೂ ಹಿಂದಕ್ಕೆ ಎಳೆಯಬೇಕಿಲ್ಲ. ಆ ಗಜಿಬಿಜಿ ಬಡಿತವೇ ಎಳೆಯುವ ಬಲ. ಇಡೀ ಉದ್ದ ಮುಗಿಯುತ್ತ ಬಂದಂತೆ ಇನ್ನಷ್ಟು ಎಳೆಯುವುದು ಬಹಳ ಕಷ್ಟ. ಹೀಗಾಗಿ ಬಲೆ ಮೊದಲು ಮೆತ್ತಗೆ ಬಗ್ಗುತ್ತದೆ, ಅತಿಯಾದರೆ ತಾನೇ ಬಿಗಿಯಾಗುತ್ತದೆ. ಗಂಟುಗಳೇ ಇಲ್ಲದಿದ್ದರೆ? ಎಳೆಗಳು ಒಂದರ ಪಕ್ಕ ಒಂದು ಜಾರಿ, ಕಣ ಆಕಾರ ಮರೆಯುತ್ತಿತ್ತು.

ಬೇರೆ ಜೀವಕೋಶಗಳಲ್ಲೂ ಇಂಥ ಬಲೆಗಳಿವೆ. ಅಲ್ಲಿ 7 ನ್ಯಾನೋಮೀಟರ್ ದಪ್ಪದ ಉದ್ದನೆಯ ಆಕ್ಟಿನ್ ಎಳೆಗಳನ್ನು ಫಿಲಮಿನ್‌ನಂಥ ಪ್ರೋಟೀನ್‌ಗಳು ಬೆಸೆಯುತ್ತವೆ.

ಹುಟ್ಟಿನಿಂದಲೇ ಕೆಲವರಲ್ಲಿ ಸ್ಪೆಕ್ಟ್ರಿನ್ ಅಥವಾ ಆಂಕಿರಿನ್ ದೋಷದಿಂದ ಬಲೆ ಪೊರೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಪೊರೆ ಚೂರುಚೂರಾಗಿ ಕಳಚಿಹೋಗಿ ಕಣ ಗುಂಡಗಾಗುತ್ತದೆ. ಗುಂಡನೆಯ ಕಣ ಗುಲ್ಮದ ಸೀಳಿನಲ್ಲಿ ಸಿಕ್ಕಿಕೊಂಡು ನಾಶವಾಗುತ್ತದೆ. ರಕ್ತ ಕಡಿಮೆಯಾಗುತ್ತದೆ, ಕಣ್ಣು ಮತ್ತೆ ಮತ್ತೆ ಹಳದಿಯಾಗುತ್ತದೆ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಕಾಮಾಲೆ ಅಂದ ಕೂಡಲೇ ಮಗುವಿಗೆ ಬರೆ ಹಾಕಿಸುವವರು ಈಗಲೂ ಇದ್ದಾರೆ. ಸುಟ್ಟ ಗಾಯಕ್ಕೆ ಕೀವಾಗಿ ಮಗುವಿನ ಜೀವಕ್ಕೇ ಕುತ್ತು ಬರಬಹುದು. ಕಾಯಿಸಿದ ಕಬ್ಬಿಣಕ್ಕೂ ಸ್ಪೆಕ್ಟ್ರಿನ್‌ಗೂ ಎತ್ತಣ ಸಂಬಂಧ? ಕಾಮಾಲೆಗೆ ಕಾರಣಗಳು ಹಲವು, ಅದು ಯಾವುದೆಂದು ಪತ್ತೆ ಮಾಡಬೇಕು. ಮೂರೂ ಊರುಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ದಯವಿಟ್ಟು ಅಲ್ಲಿಗೆ ಹೋಗಿ.

ಗುಂಡನೆಯ ಕಣವನ್ನು ಪತ್ತೆ ಮಾಡುವ ಒಂದು ಹಳೆಯ ಪರೀಕ್ಷೆ ಸರಳವಾಗಿದೆ. ರಕ್ತವನ್ನು ಉಪ್ಪು ಕಡಿಮೆ ಇರುವ ನೀರಿಗೆ ಹಾಕುತ್ತಾರೆ. ನೀರು ಒಳನುಗ್ಗಿ ಕಣ ಉಬ್ಬುತ್ತದೆ. ಒಳ್ಳೆಯ ಕಣದಲ್ಲಿ ಪೊರೆ ಸಡಿಲವಾಗಿರುವುದರಿಂದ ಉಬ್ಬಲು ಜಾಗವಿರುತ್ತದೆ. ಗುಂಡನೆಯ ಕಣಕ್ಕೆ ಆ ಜಾಗವಿಲ್ಲ, ಬೇಗ ಒಡೆಯುತ್ತದೆ. ರೋಗ ತೀವ್ರವಾಗಿದ್ದರೆ ಗುಲ್ಮವನ್ನೇ ತೆಗೆಯುವುದುಂಟು. ಆಮೇಲೂ ಬಲೆ ದುರ್ಬಲವೇ, ಕಣ ಗುಂಡಗೇ. ಆದರೆ ಅದನ್ನು ಹಿಡಿದು ಹಾಕುತ್ತಿದ್ದ ಸೀಳು ಇರುವುದಿಲ್ಲವಲ್ಲ, ರಕ್ತದ ಕೊರತೆ ಬಹುಮಟ್ಟಿಗೆ ನೀಗುತ್ತದೆ.